ಅಂಜಿದ ನಾಯಿಯೂ ಅವಸರದ ಮನುಷ್ಯನೂ

ಈ ಸ್ಮರಣ ಸಂಚಿಕೆಗೆ ಒಂದು ಲೇಖನವನ್ನು ಬರೆದುಕೊಡಬೇಕೆಂದು ಸಂಪಾದಕ ಮಿತ್ರರು ಕೇಳಿದಾಗ, ನಾನು ಷಟ್ಪದಿಯ ಮೇಲೆಯೋ ಹಳಗನ್ನಡ ವ್ಯಾಕರಣದ ಮೇಲೆಯೋ ಬರೆಯುವೆನೆಂದು ಅವರು ಎಣಿಸಿದ್ದಿರಬೇಕು. ಮೂವತ್ತು ವರ್ಷಗಳಿಂದ ಅದನ್ನೇ ಪಾಠ ಹೇಳಿಕೊಂಡು ಬಂದವನಿಂದ ಬೇರೇನನ್ನು ನಿರೀಕ್ಷಿಸಲು ಸಾಧ್ಯ? ಆದರೆ ಒಂದು ವರ್ಷಕ್ಕೂ ಮಿಕ್ಕಿ ನನ್ನ ಮನಸ್ಸನ್ನು ಹಿಡಿದು ನಿಲ್ಲಿಸಿರುವುದು ಒಂದು ನಾಯಿ. ವಿಷಯವು ಕ್ಷುಲ್ಲಕವೆಂದು ಕೆಲವರಿಗೆ ತೋರಬಹುದು. ಓದಿ ಮುಗಿಸಿದ ಮೇಲೆಯೂ ಹಾಗೆಯೇ ತೋರಿದರೆ ಅದು ನನ್ನ ಬರವಣಿಗೆಯ ದೋಷವೇ ಹೊರತು ವಿಷಯದ ದೋಷವಲ್ಲ.

ನನ್ನ ಮನೆಯಿರುವುದು ಕಾರವಾರದ ಕೋಡಿಬಾಗದಲ್ಲಿ. ಸಂಜೆ ಕಾಳಿ ನದಿಯ ದಂಡೆಯ ಕಡೆಗೆ ನಡೆದು, ಎದುರು ದಡದ ಸದಾಶಿವಗಡವನ್ನು ನೋಡಿ ಹಿಂದಿರುಗುವುದು ನನ್ನ ರೂಢಿ. 2024ರ ಆಗಸ್ಟ್ 7ರ ನಡುರಾತ್ರಿ ಕಾಳಿಯ ಹಳೆಯ ಸೇತುವೆಯು ಕುಸಿದು ಬಿದ್ದುದು ಓದುಗರಿಗೆ ನೆನಪಿರಬಹುದು. ಅದೇ ಮಳೆಗಾಲದಲ್ಲಿ, ತೆಂಗಿನ ತೋಟವೊಂದರ ಅಂಚಿನಲ್ಲಿ ಕೆಲವು ತರುಣರು ತಮ್ಮ ಕೈಯಿಂದಲೇ ಹಣ ಹಾಕಿ ನಡೆಸುವ ಪ್ರಾಣಿಗಳ ಆಸರೆಗೆ ಒಂದು ಹೆಣ್ಣುನಾಯಿ ಬಂದಿತು. ಅವರಲ್ಲಿ ಒಬ್ಬನು ನನ್ನ ಹಳೆಯ ವಿದ್ಯಾರ್ಥಿ. ಅವನ ಒತ್ತಾಯಕ್ಕೆ ನಾನು ಒಳಗೆ ಹೋದೆನು. ಕೈಯಲ್ಲಿ ಕೊಡೆಯಿತ್ತು. ಕಂದು ಬಣ್ಣದ ಆ ಮಿಶ್ರತಳಿಯ ನಾಯಿಯು ಕೊಡೆಯನ್ನು ಕಂಡ ಕೂಡಲೆ ಗೋಡೆಗೆ ಒತ್ತಿಕೊಂಡು, ಬಾಲವನ್ನು ಹೊಟ್ಟೆಯ ಕೆಳಗೆ ಸೇರಿಸಿ, ಕಣ್ಣಿನ ಬಿಳಿ ಕಾಣುವಂತೆ ಓರೆಯಾಗಿ ನೋಡುತ್ತ ಗುರುಗುಟ್ಟಿತು. ನಾನು ಹಿಂದೆ ಸರಿದೆನು. “ಕೆಟ್ಟ ನಾಯಿ” ಎಂದೆನು. “ಅಲ್ಲ ಸರ್, ಹೆದರಿದ ನಾಯಿ” ಎಂದು ನನ್ನ ವಿದ್ಯಾರ್ಥಿಯು ತಿದ್ದಿದನು. ಶಿಷ್ಯನಿಂದ ಪರಾಜಯವನ್ನು ಇಚ್ಛಿಸಬೇಕೆಂದು ಹಿರಿಯರು ಹೇಳಿದ್ದಾರೆ; ಆ ದಿನ ಅದು ಲಭಿಸಿತು.

ಅದರ ಪೂರ್ವಕಥೆಯು ದೀರ್ಘವಾದುದೇನೂ ಅಲ್ಲ. 2020ರ ಲಾಕ್‌ಡೌನ್ ಕಾಲದಲ್ಲಿ ಒಂದು ಕುಟುಂಬದವರು ಮಕ್ಕಳ ಬೇಸರ ಕಳೆಯಲೆಂದು ಮರಿಯನ್ನು ತಂದರು. ಆ ತಿಂಗಳುಗಳಲ್ಲಿ ಮನೆಗೆ ಬರುವವರಿರಲಿಲ್ಲ, ಹೊರಗೆ ಹೋಗುವವರೂ ಇರಲಿಲ್ಲ. ಮರಿಯು ನಾಲ್ಕು ಮುಖಗಳನ್ನಲ್ಲದೆ ಐದನೆಯದನ್ನು ಕಾಣದೆ ಬೆಳೆಯಿತು. ಬಾಗಿಲು ತೆರೆದು ಜನ ಬರತೊಡಗಿದಾಗ ಅದು ಬಂದವರೆಲ್ಲರಿಗೂ ಅಂಜಿತು, ಅಂಜಿದ್ದಕ್ಕೆ ಬೊಗಳಿತು, ಬೊಗಳಿದ್ದಕ್ಕೆ ಪೆಟ್ಟು ತಿಂದಿತು. ಒಮ್ಮೆ ಅತಿಥಿಯೊಬ್ಬರ ಕೈಗೆ ಹಲ್ಲು ತಾಗಿಸಿತು. ಅಲ್ಲಿಂದಾಚೆಗೆ ಹಗಲಿರುಳೂ ಸರಪಳಿ. ಕೊನೆಗೆ ಯಜಮಾನರಿಗೆ ಬೇರೆ ಊರಿಗೆ ವರ್ಗವಾಯಿತು. ನಾಯಿಯನ್ನು ಆಸರೆಗೆ ಒಪ್ಪಿಸಿದರು. ಅವರನ್ನು ನಾನು ದೂಷಿಸುತ್ತಿಲ್ಲ. ದಾರಿಯಲ್ಲಿ ಬಿಟ್ಟುಹೋಗದೆ ಕರೆತಂದು ಒಪ್ಪಿಸಿದರಲ್ಲ, ಅದು ದೊಡ್ಡದು. ಸಾಕಿದ ಪ್ರಾಣಿಯನ್ನು ಹಸಿವು ಬಾಯಾರಿಕೆಗಳಿಂದ ನರಳುವಂತೆ ಸಕಾರಣವಿಲ್ಲದೆ ತೊರೆಯುವುದು 1960ರ ಪ್ರಾಣಿಹಿಂಸಾ ನಿಷೇಧ ಕಾಯಿದೆಯ ಪ್ರಕಾರ ಅಪರಾಧವೆಂಬುದನ್ನು ಅರಿಯದವರೇ ನಮ್ಮಲ್ಲಿ ಹೆಚ್ಚು.

ಆಸರೆಯವರು ಇಂಥ ನಾಯಿಯನ್ನು ‘ಸರೆಂಡರ್’ ಆದ ನಾಯಿ ಎನ್ನುತ್ತಾರೆ. ಮಾತಿನ ಅರ್ಥವನ್ನು ಕೆದಕುವುದು ನನ್ನ ವೃತ್ತಿದೋಷ. ಶರಣಾಗುವುದು ಬೇರೆ, ಒಪ್ಪಿಸಲ್ಪಡುವುದು ಬೇರೆ. ಶರಣಾಗುವವನಿಗೆ ಒಂದು ಸಂಕಲ್ಪವಿರುತ್ತದೆ. ಈ ನಾಯಿಯು ಕೊಳ್ಳಲ್ಪಟ್ಟಿತು, ಕಟ್ಟಲ್ಪಟ್ಟಿತು, ಒಪ್ಪಿಸಲ್ಪಟ್ಟಿತು. ಇನ್ನು ದತ್ತು ಕೊಡಲ್ಪಡಬೇಕಾಗಿದೆ. ಅದರ ಬಾಳೆಲ್ಲವೂ ಕರ್ಮಣಿ ಪ್ರಯೋಗ. ಕರ್ತರಿಯಲ್ಲಿ ಅದಕ್ಕೆ ಉಳಿದಿರುವ ಕ್ರಿಯಾಪದವೊಂದೇ: ಗುರುಗುಟ್ಟುವುದು. ಅದನ್ನೂ ನಾವು ಅಪರಾಧವೆಂದು ಎಣಿಸುತ್ತೇವೆ.

ನಾನು ಹೇಳಬೇಕಾದ ಮುಖ್ಯ ವಿಷಯವು ಇದೇ. ಇಂಥ ಪ್ರಾಣಿಯ ಭಯವನ್ನು ನಾವು ಸ್ವಭಾವವೆಂದು ತಿಳಿಯುತ್ತೇವೆ. ಅದರಲ್ಲಿ ಬಹುಭಾಗ ಸ್ವಭಾವವಲ್ಲ, ನೆನಪು. ‘ನಾಯಿಯ ಬಾಲ ಡೊಂಕು’ ಎಂಬ ಗಾದೆಯನ್ನು ಹೇಳಿ ಕೈತೊಳೆದುಕೊಳ್ಳುವವರು ಬಾಲವನ್ನಷ್ಟೇ ನೋಡಿದ್ದಾರೆ. ಅಮೆರಿಕದ ಸ್ಕಾಟ್ ಮತ್ತು ಫುಲ್ಲರ್ ಎಂಬ ವಿಜ್ಞಾನಿಗಳು ಬಹುವರ್ಷಗಳ ಪರಿಶೀಲನೆಯ ಫಲವನ್ನು 1965ರಲ್ಲಿ ಗ್ರಂಥರೂಪದಲ್ಲಿ ಪ್ರಕಟಿಸಿದರು. ಮರಿಯ ಮೂರನೆಯ ವಾರದಿಂದ ಸುಮಾರು ಹನ್ನೆರಡನೆಯ ವಾರದವರೆಗಿನ ಕಾಲವೇ ಅದು ಲೋಕವನ್ನು ತನ್ನದೆಂದು ಒಪ್ಪಿಕೊಳ್ಳುವ ಕಾಲವೆಂದು ಅವರು ತೋರಿಸಿದರು. ಅದಕ್ಕೂ ಮೊದಲು, 1961ರಲ್ಲಿ ಪ್ರಕಟವಾದ ಪ್ರಯೋಗವೊಂದರಲ್ಲಿ, ಹದಿನಾಲ್ಕು ವಾರಗಳವರೆಗೆ ಮನುಷ್ಯಸ್ಪರ್ಶವಿಲ್ಲದೆ ಬೆಳೆದ ಮರಿಗಳು ಅನಂತರ ಕಾಡುಮೃಗಗಳಂತೆ ಮನುಷ್ಯನಿಂದ ದೂರ ಸರಿದವು. ನಮ್ಮ ಕೋಡಿಬಾಗದ ನಾಯಿಯು ಆ ಅಮೂಲ್ಯವಾದ ವಾರಗಳನ್ನು ಮುಚ್ಚಿದ ಬಾಗಿಲಿನ ಒಳಗೆ ಕಳೆಯಿತು. ಅನಂತರ ಪೆಟ್ಟುಗಳು ಬಂದವು.

ಆಸರೆಯೂ ನಾಯಿಯ ಪಾಲಿಗೆ ಸುಖದ ತಾಣವೆಂದು ಭಾವಿಸಬಾರದು. ಅಪರಿಚಿತ ವಾಸನೆ, ಹತ್ತು ನಾಯಿಗಳ ಕೂಗು, ತಗಡಿನ ಮಾಡಿನ ಮೇಲೆ ಕರಾವಳಿಯ ಮಳೆ. ಓಹಾಯೋ ಪ್ರಾಂತದಲ್ಲಿ ನಡೆಸಿ 1997ರಲ್ಲಿ ಪ್ರಕಟಿಸಿದ ಪರೀಕ್ಷೆಯೊಂದರಲ್ಲಿ, ಆಸರೆಗೆ ಸೇರಿದ ಮೊದಲ ಮೂರು ದಿನಗಳಲ್ಲಿ ನಾಯಿಗಳ ರಕ್ತದೊಳಗೆ ಕಳವಳದ ರಸವಾದ ಕಾರ್ಟಿಸಾಲ್, ಮನೆಯ ನಾಯಿಗಳಲ್ಲಿರುವುದಕ್ಕಿಂತ ಸುಮಾರು ಮೂರು ಪಟ್ಟು ಇದ್ದುದು ಕಂಡುಬಂದಿತು. ಅಂಥ ಸ್ಥಿತಿಯಲ್ಲಿರುವ ಪ್ರಾಣಿಯನ್ನು ನೋಡಿ, “ಇದು ಒಳ್ಳೆಯದು, ಇದು ಕೆಟ್ಟದ್ದು” ಎಂದು ಐದು ನಿಮಿಷದಲ್ಲಿ ತೀರ್ಪು ಕೊಡುವುದು ಜ್ವರದಲ್ಲಿರುವ ಹುಡುಗನಿಗೆ ಪರೀಕ್ಷೆ ಕೊಟ್ಟಂತೆ.

ಗುರುಗುಟ್ಟುವುದಕ್ಕೆ ಹೊಡೆಯಬಾರದೆಂದು ಬಲ್ಲವರು ಹೇಳುತ್ತಾರೆ. ನಾನು ಅದನ್ನು ಭಾಷೆಯವನಾಗಿ ಒಪ್ಪುತ್ತೇನೆ. ತುಟಿ ನೆಕ್ಕುವುದು, ಸಕಾರಣವಿಲ್ಲದೆ ಆಕಳಿಸುವುದು, ಮುಖ ತಿರುಗಿಸುವುದು, ಕಲ್ಲಿನಂತೆ ನಿಶ್ಚಲವಾಗುವುದು, ಆಮೇಲೆ ಗುರುಗುಟ್ಟುವುದು: ಇವು ಅದರ ವಾಕ್ಯಗಳು. “ಹತ್ತಿರ ಬರಬೇಡ” ಎಂಬುದೇ ಅವುಗಳ ತಾತ್ಪರ್ಯ. ಗುರುಗುಟ್ಟುವುದನ್ನು ಹೊಡೆದು ನಿಲ್ಲಿಸಿದರೆ ಭಯವು ನಿಲ್ಲುವುದಿಲ್ಲ, ಮಾತು ಮಾತ್ರ ನಿಲ್ಲುತ್ತದೆ. ಆಗ ಅದು ಮುನ್ಸೂಚನೆಯಿಲ್ಲದೆ ಕಚ್ಚುತ್ತದೆ. ಅಂಜಿದ ನಾಯಿಯ ವಿಷಯದಲ್ಲಿ ‘ಬೊಗಳುವ ನಾಯಿ ಕಚ್ಚುವುದಿಲ್ಲ’ ಎಂಬ ಗಾದೆಯನ್ನು ನಂಬಿ ಮುಂದುವರಿದವರೂ ಕಚ್ಚಿಸಿಕೊಳ್ಳುತ್ತಾರೆ.

ಮಹಾಭಾರತದ ಆದಿಪರ್ವದಲ್ಲಿ ಸರಮೆಯ ಮರಿಯ ಪ್ರಸಂಗವಿದೆ. ಜನಮೇಜಯನ ಸತ್ರಶಾಲೆಗೆ ಬಂದ ಮರಿಯನ್ನು ಅವನ ತಮ್ಮಂದಿರು ಹೊಡೆದು ಓಡಿಸಿದರು. ಅದು ಹವಿಸ್ಸನ್ನು ನೆಕ್ಕಿರಲಿಲ್ಲ, ಅದರ ಕಡೆಗೆ ನೋಡಿಯೂ ಇರಲಿಲ್ಲ. ತಾಯಿ ಸರಮೆಯು ರಾಜನ ಬಳಿಗೆ ಬಂದು, ನಿರಪರಾಧಿಯಾದ ತನ್ನ ಮಗನನ್ನು ಏಕೆ ಹೊಡೆದಿರೆಂದು ಕೇಳಿದಳು. ಉತ್ತರ ಬರಲಿಲ್ಲ. ಕಾಣದ ಭಯವೊಂದು ನಿನ್ನನ್ನು ಹೊಂದಲಿ ಎಂದು ಅವಳು ಶಪಿಸಿದಳು. ಸಾವಿನ ಶಾಪವಲ್ಲ, ದಾರಿದ್ರ್ಯದ ಶಾಪವಲ್ಲ, ಭಯದ ಶಾಪ. ತನ್ನ ಮಗನಿಗೆ ಏನನ್ನು ಕೊಟ್ಟರೋ ಅದನ್ನೇ ಅವಳು ಹಿಂದಿರುಗಿಸಿದಳು.

ಈ ಪ್ರಸಂಗವನ್ನು ನಾನು ಎಷ್ಟೋ ಸಲ ಪಾಠ ಹೇಳಿದ್ದೆನು. ಅರ್ಥವಾದುದು ಈ ನಾಯಿಯ ಮುಂದೆ. ಅದರ ಹಳೆಯ ಹೆಸರನ್ನು ಕರೆದರೆ ಅದು ಮುದುಡಿ ಮೂಲೆಗೆ ಸೇರುತ್ತದೆ. ಹೆಸರು ಕರೆದ ಮೇಲೆ ಪೆಟ್ಟು ಬೀಳುವುದೆಂದು ಅದು ಕಲಿತಿದೆ. ಆದಕಾರಣ ಆ ಹೆಸರನ್ನು ನಾನು ಇಲ್ಲಿ ಬರೆಯುವುದಿಲ್ಲ. ಅದನ್ನು ಕಂಡ ದಿನ ನನಗೆ ಬೇರೊಂದು ನೆನಪು ಬಂದಿತು. ನಾನು ವೃತ್ತಿಗೆ ಸೇರಿದ ಹೊಸದರಲ್ಲಿ, ಬೇರೊಂದು ಊರಿನಲ್ಲಿ, ಘಟ್ಟದ ಮೇಲಿನಿಂದ ಬಂದು ವಸತಿ ನಿಲಯಕ್ಕೆ ಸೇರಿದ್ದ ಹತ್ತು ವರ್ಷದ ಹುಡುಗನೊಬ್ಬನಿದ್ದನು. ಹಾಜರಿ ಪುಸ್ತಕದಿಂದ ಹೆಸರು ಕರೆದರೆ ಅವನು ಎರಡೂ ಕೈಗಳನ್ನು ಬೆನ್ನ ಹಿಂದೆ ಬಚ್ಚಿಡುತ್ತಿದ್ದನು. ಕೇಳಿದ್ದಕ್ಕೆ ಒರಟಾಗಿ ಉತ್ತರಿಸುತ್ತಿದ್ದನು. ಅದು ಉದ್ಧಟತನವೆಂದು ನಾನು ತಿಳಿದೆನು. ಬೆತ್ತದಿಂದ ತಿದ್ದಲು ಹೋದೆನು. ತಿಂಗಳೊಳಗೆ ಅವನು ಶಾಲೆ ಬಿಟ್ಟನು. ಎಲ್ಲಿ ಹೋದನೋ ತಿಳಿಯದು. ಮಕ್ಕಳನ್ನು ನಾಯಿಗೆ ಹೋಲಿಸುತ್ತಿದ್ದಾರೆಂದು ಯಾರೂ ಕೋಪಿಸಿಕೊಳ್ಳಬಾರದು. ನಾನು ಹೋಲಿಸುತ್ತಿರುವುದು ಹೊಡೆದ ಕೈಗಳನ್ನು.

ನನ್ನ ವಿದ್ಯಾರ್ಥಿಯು ಒಂದು ಉಪಾಯ ಹೇಳಿದನು. ಅಮೆರಿಕದ ಮಿಸೌರಿ ಪ್ರಾಂತದ ಪ್ರಾಣಿದಯಾ ಸಂಸ್ಥೆಯು ಮಕ್ಕಳನ್ನು ಅಂಜುಬುರುಕ ನಾಯಿಗಳ ಗೂಡಿನೆದುರು ಕೂರಿಸಿ ಪುಸ್ತಕ ಓದಿಸುವ ಕ್ರಮವನ್ನು ಆರಂಭಿಸಿತಂತೆ. ನಾಯಿಯನ್ನು ನೋಡಬಾರದು, ಕರೆಯಬಾರದು, ಮುಟ್ಟಬಾರದು. ಓರೆಯಾಗಿ ಕುಳಿತು ಓದುತ್ತಿರಬೇಕು. ತಾನಾಗಿ ಮುಂದೆ ಬಂದರೆ ಒಂದು ತಿನಿಸನ್ನು ಹಾಕಬೇಕು. ನನಗೆ ಓದುವುದೊಂದೇ ತಾನೆ ಬರುವುದು? ಕೊಡೆಯನ್ನು ಬಾಗಿಲ ಹೊರಗಿಟ್ಟು ಕುಮಾರವ್ಯಾಸ ಭಾರತವನ್ನು ಹಿಡಿದು ಕುಳಿತೆನು. ಮೊದಲ ದಿನ ಗಮಕಿಯ ಗತ್ತಿನಲ್ಲಿ ದನಿಯೆತ್ತಿದೆನು. ನಾಯಿಯು ನೀರಿನ ತೊಟ್ಟಿಯ ಹಿಂದೆ ಅಡಗಿತು. ಮರುದಿನದಿಂದ ದನಿಯನ್ನು ಇಳಿಸಿದೆನು. ಎರಡು ವಾರ ಅದು ಗೋಡೆಯನ್ನು ಬಿಡಲಿಲ್ಲ. ಮೂರನೆಯ ವಾರ ನಡುವಿಗೆ ಬಂದು ಮಲಗಿತು. ದೀಪಾವಳಿಯ ಹೊತ್ತಿಗೆ ಸರಳುಗಳವರೆಗೆ ಬಂದು ನನ್ನ ಅಂಗವಸ್ತ್ರವನ್ನು ಮೂಸಿತು. ಅಷ್ಟರಲ್ಲಿ ಪಟಾಕಿಗಳು ಸಿಡಿದವು. ಮತ್ತೆ ಗೋಡೆಗೆ ಸೇರಿತು. ಮತ್ತೆ ಮೊದಲಿನಿಂದ ಆರಂಭ. ಕುಮಾರವ್ಯಾಸನು ಗದಾಪರ್ವಕ್ಕೆ ಕಥೆಯನ್ನು ನಿಲ್ಲಿಸಿದ್ದಾನೆ. ನಾಯಿಯನ್ನು ಬಿಟ್ಟು ಸ್ವರ್ಗಕ್ಕೆ ಬರಲಾರೆನೆಂದ ಧರ್ಮರಾಯನ ಕಥೆಗೆ ತಿಮ್ಮಣ್ಣಕವಿಯ ಕೃತಿಗೆ ಹೋಗಬೇಕು. ಅಲ್ಲಿಯವರೆಗೂ ಓದುವಷ್ಟು ಕಾಲ ಹಿಡಿಯಿತು.

ನಡುವೆ ಒಂದು ತಪ್ಪು ನಡೆಯಿತು. ಕನಿಕರಗೊಂಡ ಗೃಹಸ್ಥರೊಬ್ಬರು ಒಂದೇ ಭೇಟಿಯಲ್ಲಿ ನಾಯಿಯನ್ನು ಕರೆದೊಯ್ದರು. ಬಂಧುಗಳು ನೋಡಲು ಬಂದರು, ಮಕ್ಕಳು ತಬ್ಬಿಕೊಳ್ಳಲು ಹೋದರು. ಒಂಬತ್ತನೆಯ ದಿನ ನಾಯಿಯು ಹಿಂದಿರುಗಿ ಬಂದಿತು. ಕನಿಕರವು ಸಾಲದು. ಅದಕ್ಕೆ ತಾಳ್ಮೆಯೂ ತಿಳಿವಳಿಕೆಯೂ ಬೇಕು.

ದತ್ತು ತೆಗೆದುಕೊಳ್ಳುವುದನ್ನು ಹೊಸ ಕಾಲದ ಷೋಕಿಯೆಂದು ಹಳಿಯುವವರಿಗೆ ಆತಕೂರಿನ ಶಾಸನವನ್ನು ನೆನಪಿಸುತ್ತೇನೆ. ತಕ್ಕೋಲದ ಯುದ್ಧದಲ್ಲಿ ಚೋಳ ರಾಜಾದಿತ್ಯನು ಮಡಿದ ಮೇಲೆ, ರಾಷ್ಟ್ರಕೂಟ ಮೂರನೆಯ ಕೃಷ್ಣನು ಗಂಗ ಬೂತುಗನಿಗೆ ನಮ್ಮ ಜಿಲ್ಲೆಯ ಬನವಾಸಿಯೇ ಮೊದಲಾದ ನಾಡುಗಳನ್ನು ಕೊಟ್ಟನು. ಬೂತುಗನ ಸೇವಕನಾದ ಮಣಲೆರನಿಗೂ, ಮೆಚ್ಚಿದ್ದನ್ನು ಬೇಡೆಂಬ ಮಾತು ಬಂದಿತು. ಅವನು ನಾಡನ್ನು ಬೇಡಲಿಲ್ಲ. ಕಾಳಿ ಎಂಬ ನಾಯಿಯನ್ನು ಬೇಡಿದನು. ನಮ್ಮ ನದಿಯ ಹೆಸರೇ ಆ ನಾಯಿಗೆ. ಮುಂದೆ ಅದು ಕಾಡುಹಂದಿಯೊಡನೆ ಹೋರಾಡಿ, ಹಂದಿಯನ್ನು ಕೊಂದು ತಾನೂ ಸತ್ತಿತು. ಮಣಲೆರನು ಆತಕೂರಿನ ದೇವಾಲಯದೆದುರು ಕಲ್ಲು ನಿಲ್ಲಿಸಿ, ಭೂಮಿ ಬಿಟ್ಟು, ಆ ಕಲ್ಲಿಗೆ ಪೂಜೆ ನಡೆಯುವಂತೆ ವಿಧಿಸಿದನು. ಶಕ 872ರ, ಎಂದರೆ ಕ್ರಿ. ಶ. 949-50ರ ಆ ಕಲ್ಲು ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ. ಕಾಳಿಯೂ ಒಬ್ಬರ ಕೈಯಿಂದ ಇನ್ನೊಬ್ಬರ ಕೈಗೆ ಹೋದ ನಾಯಿಯೇ. ಆದರೆ ಅದನ್ನು ಪಡೆದವನು ಅದರ ಬೆಲೆಯನ್ನು ತಿಳಿದು ಬೇಡಿ ಪಡೆದನು.

“ಮನುಷ್ಯರಿಗೇ ಆಸರೆಯಿಲ್ಲದಿರುವಾಗ ನಾಯಿಗೇಕೆ?” ಎಂದು ಕೇಳುವವರಿದ್ದಾರೆ. ಜೀವಿಗಳಲ್ಲಿ ಅನುಕಂಪವು ನಾಗರಿಕನ ಮೂಲಭೂತ ಕರ್ತವ್ಯವೆಂದು 1976ರ ತಿದ್ದುಪಡಿಯಿಂದ ನಮ್ಮ ಸಂವಿಧಾನವೇ ಹೇಳುತ್ತದೆ. ಮನುಷ್ಯರಿಗೆ ಮಾಡಿದ ಮೇಲೆ ಉಳಿದರೆ ಎಂದು ಅದು ಹೇಳಿಲ್ಲ. 2025ರ ನವೆಂಬರ್ 7ರಂದು ಸುಪ್ರೀಂ ಕೋರ್ಟು ಶಾಲೆ, ಆಸ್ಪತ್ರೆ, ಬಸ್ ನಿಲ್ದಾಣ ಮೊದಲಾದ ಆವರಣಗಳಿಂದ ಬೀದಿನಾಯಿಗಳನ್ನು ತೆಗೆದು ಆಸರೆಗಳಿಗೆ ಸೇರಿಸಬೇಕೆಂದು ಆದೇಶಿಸಿತು. ಮಕ್ಕಳ ಸುರಕ್ಷತೆಯ ಪ್ರಶ್ನೆಯನ್ನು ಅಧ್ಯಾಪಕನಾದ ನಾನು ಲಘುವಾಗಿ ಎಣಿಸಲಾರೆನು. ನಾಯಿ ಕಚ್ಚಿದರೆ ಗಾಯವನ್ನು ಹದಿನೈದು ನಿಮಿಷ ಸಾಬೂನು ನೀರಿನಿಂದ ತೊಳೆದು ಕೂಡಲೆ ಆಸ್ಪತ್ರೆಗೆ ಹೋಗಿ ರೇಬೀಸ್ ಲಸಿಕೆ ಹಾಕಿಸಿಕೊಳ್ಳಬೇಕು, ಮನೆಮದ್ದು ಕೂಡದು. ಆದರೆ ಗೂಡಿನೊಳಗೆ ಸೇರಿಸಿದಲ್ಲಿಗೆ ನಮ್ಮ ಹೊಣೆಯು ಮುಗಿಯಿತೆಂದು ತಿಳಿಯುವುದು ತಪ್ಪು. ಗೂಡು ಮನೆಯಲ್ಲ.

ಆದಕಾರಣ ನನ್ನ ಅಭಿಪ್ರಾಯವನ್ನು ಸಂಕ್ಷೇಪವಾಗಿ ಹೇಳುತ್ತೇನೆ. ನಾಯಿಯನ್ನು ಒಪ್ಪಿಸುವವರು ಅದರ ನಡತೆಯನ್ನು ಮುಚ್ಚಿಡದೆ ಹೇಳಬೇಕು. ಕಚ್ಚಿದ್ದರೆ ಕಚ್ಚಿತೆಂದೂ ಹೊಡೆದಿದ್ದರೆ ಹೊಡೆದೆವೆಂದೂ ಹೇಳಬೇಕು. ಕೊಡುವವರು ಅವಸರದಿಂದ ಕೊಡಬಾರದು. ಕೊಳ್ಳುವವರು ಮೂರು ದಿನ, ಮೂರು ವಾರ, ಮೂರು ತಿಂಗಳೆಂಬ ರೂಢಿಯ ಲೆಕ್ಕವನ್ನು ನೆನಪಿಡಬೇಕು: ದಿಗಿಲು ಇಳಿಯಲು ಮೂರು ದಿನ, ಮನೆಯ ಕ್ರಮ ತಿಳಿಯಲು ಮೂರು ವಾರ, ಮನೆಯು ತನ್ನದೆಂದು ನಂಬಲು ಮೂರು ತಿಂಗಳು. ಅಂಜಿದ ನಾಯಿಗೆ ಇದರ ಇಮ್ಮಡಿಯೂ ಆಗಬಹುದು. ವಿದ್ಯಾರ್ಥಿಗಳು ಬೇರೇನನ್ನು ಮಾಡದಿದ್ದರೂ ಕಲ್ಲೆಸೆಯದಿದ್ದರೆ ಸಾಕು; ಎಸೆದ ಕಲ್ಲು ನೆಲಕ್ಕೆ ಬಿದ್ದು ಸುಮ್ಮನಾಗುತ್ತದೆ, ನಾಯಿಯು ಅದನ್ನು ಆಯುಷ್ಯವೆಲ್ಲ ಹೊತ್ತು ತಿರುಗುತ್ತದೆ.

ಹಾಗಾದರೆ ಪಂಡಿತರೇ ಏಕೆ ಕರೆದೊಯ್ಯಲಿಲ್ಲವೆಂದು ಓದುಗರು ಕೇಳಬಹುದು. ನ್ಯಾಯವಾದ ಪ್ರಶ್ನೆ. ನನ್ನ ಮನೆಯಲ್ಲಿ ಈಗಷ್ಟೇ ನಡೆಯಲು ಕಲಿತ ಮೊಮ್ಮಗುವಿದೆ. ಹೇಳಿದ ಮಾತು ಕೇಳದ ಮಗುವನ್ನೂ ಹೇಳಲಾರದ ನಾಯಿಯನ್ನೂ ಒಂದೇ ಅಂಗಳದಲ್ಲಿ ಬಿಡುವುದು ಇಬ್ಬರಿಗೂ ಮಾಡುವ ಅನ್ಯಾಯ. ಅದಕ್ಕೆ ಬೇಕಾದುದು ಚಿಕ್ಕ ಮಕ್ಕಳಿಲ್ಲದ, ಆವರಣವಿರುವ, ಗದ್ದಲವಿಲ್ಲದ ಒಂದು ಮನೆ. ಅಂಥ ಮನೆಯು ಇದುವರೆಗೆ ದೊರೆತಿಲ್ಲ. ಸಂಜೆ ಐದೂವರೆಗೆ ಈಗ ಅದು ಸರಳುಗಳ ಬಳಿ ಬಂದು ಕುಳಿತು ದಾರಿ ನೋಡುತ್ತದೆ. ನಾನು ಒಂದು ದಿನ ತಡಮಾಡಿದರೆ ಮರುದಿನ ಸ್ವಲ್ಪ ದೂರದಲ್ಲಿ ಕೂರುತ್ತದೆ. ಈ ಸಂಚಿಕೆಯನ್ನು ಓದುವವರಲ್ಲಿ ಯಾರಾದರೂ ಅದನ್ನು ನೋಡಬಯಸಿದರೆ ಸಂತೋಷದಿಂದ ಕರೆದೊಯ್ಯುವೆನು. ಒಂದೇ ದಿನದಲ್ಲಿ ನಿರ್ಧರಿಸಬೇಕಾಗಿಲ್ಲ. ಹತ್ತು ಸಲ ಬರಲಿ. ಬರುವಾಗ ಕೊಡೆಯನ್ನು ಮಾತ್ರ ಬಾಗಿಲ ಹೊರಗಿಟ್ಟು ಬರಬೇಕೆಂದು ವಿನಂತಿ.