ಮೊಟೇರಾದ ತೀರ್ಪುಗಳೂ ನಮ್ಮ ಕೂಗಾಟವೂ

ಅಂಪೈರರ ಪಕ್ಷ ವಹಿಸಿ ಮಾತನಾಡಲು ಹೊರಡುವ ಕ್ರಿಕೆಟ್ ಪ್ರೇಮಿಗೆ ಮಿತ್ರರು ವಿರಳ. ಅಹಮದಾಬಾದಿನಲ್ಲಂತೂ ಅವನ ಪಾಡು ಹೇಳತೀರದು. 1,32,000 ಮಂದಿ ಕುಳಿತು ನೋಡಬಹುದಾದ ಮೊಟೇರಾದ ಕ್ರೀಡಾಂಗಣದಲ್ಲಿ ಒಂದು ತೀರ್ಪು ನಮಗೆ ಪ್ರತಿಕೂಲವಾಯಿತೆಂದರೆ ಏಳುವ ಕೂಗು ಸಾಮಾನ್ಯವಾದುದಲ್ಲ. ವಡೋದರ, ಸೂರತ್ತುಗಳಿಂದ ರೈಲು ಹಿಡಿದು ಬಂದು ಆ ಕೂಗಿಗೆ ದನಿಗೂಡಿಸುವವರಲ್ಲಿ ನಮ್ಮ ಕನ್ನಡಿಗರೂ ಉಂಟು. 2025ರ ಜೂನ್ 3ರಂದು ಇದೇ ಅಂಗಣದಲ್ಲಿ ಬೆಂಗಳೂರಿನ ತಂಡ ಪಂಜಾಬನ್ನು ಆರು ರನ್ನುಗಳಿಂದ ಸೋಲಿಸಿ ಮೊತ್ತಮೊದಲ ಐ.ಪಿ.ಎಲ್. ಪ್ರಶಸ್ತಿ ಗೆದ್ದಾಗ, ಅಂಪೈರರು ಯಾರೆಂದು ನಮ್ಮಲ್ಲಿ ಎಷ್ಟು ಮಂದಿ ವಿಚಾರಿಸಿದ್ದೆವು?

ಈ ಅಂಗಣದ ವಿವಾದಗಳನ್ನು ಸಾವಧಾನವಾಗಿ ಪರಿಶೀಲಿಸಿದರೆ ಒಂದು ವಿಚಿತ್ರ ಸಂಗತಿ ಗೋಚರಿಸುತ್ತದೆ. 2021ರ ಫೆಬ್ರವರಿ 24ರಂದು ಇಲ್ಲಿ ಇಂಗ್ಲೆಂಡಿನೊಡನೆ ಟೆಸ್ಟ್ ಆರಂಭವಾಯಿತು. 112 ರನ್ನುಗಳಿಗೆ ಕುಸಿದಿದ್ದ ಇಂಗ್ಲೆಂಡ್, ಶುಭಮನ್ ಗಿಲ್ಲರ ಕ್ಯಾಚನ್ನು ಸ್ಲಿಪ್ಪಿನಲ್ಲಿ ಸ್ಟೋಕ್ಸ್ ಹಿಡಿದರೆಂದು ಸಂಭ್ರಮಿಸಿತು. ಮೂರನೆಯ ಅಂಪೈರ್ ಶಂಶುದ್ದೀನರು ಚಿತ್ರವನ್ನು ನೋಡಿ, ಚೆಂಡು ನೆಲ ಮುಟ್ಟಿದೆಯೆಂದು ಬೇಗನೆ ತೀರ್ಮಾನಿಸಿದರು. ಬೇರೆ ಕೋನಗಳಿಂದ ಏಕೆ ನೋಡಲಿಲ್ಲವೆಂಬುದು ಇಂಗ್ಲೆಂಡಿನ ಆಕ್ಷೇಪ. ನಾಯಕ ರೂಟ್ ಮತ್ತು ತರಬೇತುದಾರ ಸಿಲ್ವರ್‌ವುಡ್ ಪಂದ್ಯದ ರೆಫರಿಯವರನ್ನು ಕಂಡು ಮಾತನಾಡಿದರು. ಆ ರೆಫರಿ ಬೇರಾರೂ ಅಲ್ಲ, ನಮ್ಮ ಜಾವಗಲ್ ಶ್ರೀನಾಥರು. ನಾಯಕನ ಪ್ರಶ್ನೆಗಳು ಯುಕ್ತವೆಂದು ಅವರು ಒಪ್ಪಿದರೆಂದು ಇಂಗ್ಲೆಂಡಿನ ಪಾಳೆಯದಿಂದ ವರದಿಯಾಯಿತು. ತೀರ್ಪು ಮಾತ್ರ ಬದಲಾಗಲಿಲ್ಲ, ಬದಲಿಸುವ ಅಧಿಕಾರ ರೆಫರಿಗೆ ಇರುವುದೂ ಇಲ್ಲ. ಉಭಯ ಪಕ್ಷಗಳ ವಿಷಯದಲ್ಲಿಯೂ ಸಮಾನ ಸಾವಧಾನ ಬೇಕೆಂಬ ಬೇಡಿಕೆ ನ್ಯಾಯವಾದುದೇ. ಆದರೆ ಒಮ್ಮೆ ಸ್ಪಷ್ಟವಾಗಿ ಕಂಡುದನ್ನು ಮರ್ಯಾದೆಗಾಗಿ ಆರು ಬಾರಿ ನೋಡಬೇಕೆಂಬುದರಲ್ಲಿ ಹುರುಳಿಲ್ಲ.

ಮೂರು ವಾರ ಕಳೆಯಿತು. ಮಾರ್ಚ್ 18ರ ರಾತ್ರಿ, ಅದೇ ಅಂಗಣ, ಅದೇ ಎದುರಾಳಿ. 31 ಎಸೆತಗಳಲ್ಲಿ 57 ರನ್ನು ಬಾರಿಸಿದ್ದ ಸೂರ್ಯಕುಮಾರರ ಹೊಡೆತವನ್ನು ಡೇವಿಡ್ ಮಲಾನ್ ನೆಲದಂಚಿನಲ್ಲಿ ಹಿಡಿದರು. ಅಂಗಣದ ಅಂಪೈರರು ಔಟೆಂದು ತಮ್ಮ ತಾತ್ಕಾಲಿಕ ಅಭಿಪ್ರಾಯವನ್ನು ಸೂಚಿಸಿ ಪ್ರಶ್ನೆಯನ್ನು ಮೇಲಕ್ಕೆ ಕಳುಹಿಸಿದರು. ಮೂರನೆಯ ಅಂಪೈರ್ ವೀರೇಂದರ್ ಶರ್ಮರು ಈ ಸಲ ಮತ್ತೆ ಮತ್ತೆ ನೋಡಿದರು. ಆದರೂ ನಿರ್ಣಾಯಕ ಸಾಕ್ಷ್ಯ ದೊರೆಯಲಿಲ್ಲವೆಂದು ಮೊದಲ ಅಭಿಪ್ರಾಯವನ್ನೇ ಉಳಿಸಿದರು. ಈಗ ಕೆರಳಿದವರು ನಾವು. "ನನಗೆ ತಿಳಿಯದು" ಎನ್ನುವ ಅವಕಾಶ ಅಂಪೈರರಿಗೇಕಿಲ್ಲವೆಂದು ನಾಯಕ ಕೊಹ್ಲಿ ಕೇಳಿದರು. ಪ್ರಶ್ನೆ ಸಮಂಜಸವಾದುದೇ. ಆದರೆ ಅದನ್ನು ಕೇಳಬೇಕಾದುದು ನಿಯಮ ರಚಿಸಿದವರನ್ನು. ಸಾಕ್ಷ್ಯವಿಲ್ಲದಿದ್ದರೆ ಕೆಳಗಿನ ತೀರ್ಪನ್ನು ಎತ್ತಿಹಿಡಿಯಬೇಕೆಂದು ನಿಯಮ ಆಜ್ಞಾಪಿಸಿರುವಾಗ ಶರ್ಮರು ಮತ್ತೇನು ಮಾಡಬಹುದಾಗಿತ್ತು? ಅಂದು ಭಾರತ ಎಂಟು ರನ್ನುಗಳಿಂದ ಗೆದ್ದುದರಿಂದ ಗದ್ದಲ ಬೇಗ ಅಡಗಿತೆಂಬುದು ಬೇರೆ ಮಾತು.

ಆ ನಿಯಮವನ್ನು 2023ರ ಜೂನ್ 1ರಿಂದ ತೆಗೆದುಹಾಕಲಾಯಿತು. ಇನ್ನು ಶಾಂತಿ ನೆಲೆಸೀತೆಂದು ಭಾವಿಸಿದವರಿಗೆ ಹತ್ತೇ ದಿನಗಳಲ್ಲಿ ನಿರಾಶೆಯಾಯಿತು. ಲಂಡನ್ನಿನ ಓವಲ್ ಅಂಗಣದಲ್ಲಿ ವಿಶ್ವ ಟೆಸ್ಟ್ ಚಾಂಪಿಯನ್‌ಶಿಪ್ಪಿನ ಅಂತಿಮ ಪಂದ್ಯದಲ್ಲಿ ಕ್ಯಾಮೆರಾನ್ ಗ್ರೀನ್ ಹಿಡಿದ ಕ್ಯಾಚಿಗೆ ಔಟಾದವರು ಇದೇ ಗಿಲ್! ತೀರ್ಪನ್ನು ಬಹಿರಂಗವಾಗಿ ಹಳಿದುದಕ್ಕೆ ಅವರು ಪಂದ್ಯಶುಲ್ಕದ ಶೇಕಡ 15ರಷ್ಟು ದಂಡ ತೆರಬೇಕಾಯಿತು. ಮೊಟೇರಾದಲ್ಲಿ ಅವರನ್ನು ಉಳಿಸಿದ ಕ್ಯಾಮೆರಾದ ಚಿತ್ರವೇ ಓವಲಿನಲ್ಲಿ ಅವರಿಗೆ ಶತ್ರುವಾಯಿತು.

ಎಲ್.ಬಿ.ಡಬ್ಲ್ಯು. ವಿಷಯದಲ್ಲಿ "ಅಂಪೈರರ ತೀರ್ಪೇ ಅಂತಿಮ" ಎಂಬ ಏರ್ಪಾಟಿನ ಮೇಲಂತೂ ನಮ್ಮ ಜನಕ್ಕೆ ಎಲ್ಲಿಲ್ಲದ ಸಿಟ್ಟು. ಅಂಪೈರರು ನಾಟೌಟ್ ಎಂದಿದ್ದಲ್ಲಿ, ಚೆಂಡಿನ ಅರ್ಧ ಭಾಗವಾದರೂ ವಿಕೆಟ್ಟಿಗೆ ತಗಲುವುದೆಂದು ಯಂತ್ರ ತೋರಿಸಿದ ಹೊರತು ಆ ಮಾತು ನಿಲ್ಲುತ್ತದೆ. ಪ್ಯಾಡಿಗೆ ಬಡಿದ ಚೆಂಡು ಮುಂದೆ ಎಲ್ಲಿಗೆ ಹೋಗುತ್ತಿತ್ತೆಂಬುದನ್ನು ಯಂತ್ರ ಕಂಡಿರುವುದಿಲ್ಲ, ಊಹಿಸಿರುತ್ತದೆ. ಊಹೆಗೆ ಒಂದು ಅಂಚು ಬಿಡಲೇಬೇಕು. 2021ರಲ್ಲಿ ಅಂತರರಾಷ್ಟ್ರೀಯ ಕ್ರಿಕೆಟ್ ಸಮಿತಿಯ ಅಧ್ಯಕ್ಷರಾಗಿದ್ದ ಅನಿಲ್ ಕುಂಬ್ಳೆಯವರು ಈ ಏರ್ಪಾಟನ್ನು ಸಮರ್ಥಿಸಿದುದೂ ಇದೇ ತತ್ತ್ವದ ಮೇಲೆ: ಸ್ಪಷ್ಟ ಪ್ರಮಾದಗಳನ್ನು ತಿದ್ದಬೇಕು, ಅಂಗಣದಲ್ಲಿ ತೀರ್ಪು ಹೇಳುವವನ ಸ್ಥಾನವೂ ಉಳಿಯಬೇಕು. ಟೆಸ್ಟ್‌ಗಳಲ್ಲಿ 619 ವಿಕೆಟ್ಟುಗಳನ್ನು ಪಡೆದ ಬೌಲರೇ ಬೌಲರನಿಗೆ ಅನುಕೂಲವಲ್ಲದ ಮಾತನ್ನಾಡಿದುದು ಗಮನಾರ್ಹ.

2023ರ ನವೆಂಬರ್ 19ರ ವಿಶ್ವಕಪ್ ಅಂತಿಮ ಪಂದ್ಯದಲ್ಲಿ ಬುಮ್ರಾರ ಎಸೆತಕ್ಕೆ ಲಬುಶೇನ್ ಈ ಏರ್ಪಾಟಿನಿಂದಲೇ ಪಾರಾದರು. ಅಜೇಯ 58 ರನ್ನು ಗಳಿಸಿ, ಟ್ರಾವಿಸ್ ಹೆಡ್ ಜೊತೆ 192 ರನ್ನುಗಳ ಜೊತೆಯಾಟವಾಡಿದರು. ಅಂದು ಕಪ್ ತಪ್ಪಿದುದಕ್ಕೆ ಇದೇ ಕಾರಣವೆನ್ನುವವರನ್ನು ಸೂರತ್ತಿನ ಉಪಾಹಾರಗೃಹಗಳಲ್ಲಿ ಈಗಲೂ ಕಾಣಬಹುದು. ಆದರೆ ಅದಕ್ಕೆ ಮುಂಚೆ, ಅದೇ ಬುಮ್ರಾರ ಎಸೆತಕ್ಕೆ ಸ್ಟೀವ್ ಸ್ಮಿತ್ ನಾಲ್ಕೇ ರನ್ನಿಗೆ ಎಲ್.ಬಿ.ಡಬ್ಲ್ಯು. ಆದುದನ್ನು ಅವರು ಎತ್ತುವುದಿಲ್ಲ. ಚೆಂಡು ಪ್ಯಾಡಿಗೆ ಬಡಿದುದು ಆಫ್ ಸ್ಟಂಪಿನ ಹೊರಗೆಂದು ಅನಂತರ ಚಿತ್ರದಲ್ಲಿ ಕಂಡುಬಂತು. ಮೇಲ್ಮನವಿ ಸಲ್ಲಿಸಿದ್ದರೆ ಸ್ಮಿತ್ ಉಳಿಯುತ್ತಿದ್ದರು. ಅವರು ಸಲ್ಲಿಸದೆ ಹೊರನಡೆದರು. ಆಗ ಆಸ್ಟ್ರೇಲಿಯದ ಮೊತ್ತ ಮೂರು ವಿಕೆಟ್ಟಿಗೆ 47. ಮೊಟೇರಾದಲ್ಲಿ ಹರ್ಷೋದ್ಗಾರ ಮುಗಿಲು ಮುಟ್ಟಿತ್ತು.