ತೊಗಟೆ ತರಲ್ಲ, ಮನೆ ಬೇಕಾದರೆ ಮಾಡೋಣ

ಈಗ ಕ್ಯಾಂಪಸ್ಸಿನ ಎಲ್ಲರ ಫೋನಿನಲ್ಲೂ ಅದೇ ರೀಲ್ಸ್. ಅಮೆರಿಕದ ಯಾರೋ ತಾತ ಅಂಗೈ ಅಗಲದ ಮರದ ತೊಗಟೆ ಹಿಡಿದು, ಚಿಕ್ಕ ಚಾಕುವಿನಲ್ಲಿ ಕೆರೆದು ಕೆರೆದು ಒಂದು ಮನೆ ಎಬ್ಬಿಸುತ್ತಾರೆ. ಸೊಟ್ಟ ಬಾಗಿಲು, ಓರೆ ಚಿಮಣಿ, ಉಗುರಿನಷ್ಟಗಲದ ಮೆಟ್ಟಿಲು. ನೋಡ್ತಾ ಕೂತರೆ ಇಂಟರ್ನಲ್ಸ್ ಮರೆತೇ ಹೋಗುತ್ತೆ. ಈ ಸಲದ ಫೆಸ್ಟಿನಲ್ಲಿ ಇದರದ್ದೇ ವರ್ಕ್‌ಶಾಪ್ ಇಡೋಣ, ಅತಿಥಿಗಳಿಗೆ ನೆನಪಿನ ಕಾಣಿಕೆಯಾಗಿಯೂ ಇಂಥದ್ದೇ ಕೊಡೋಣ ಅಂತ ಮಾತು ಬಂದಿದೆ. ಕ್ಲಬ್ಬಿನಲ್ಲಿ ಕೊಳ್ಳೇಗಾಲ, ಹನೂರು, ಯಳಂದೂರು ಕಡೆಯವರು ನಾವೊಂದು ಆರೇಳು ಜನ ಇದ್ದೇವೆ. 'ಕಾಡಿನ ಪಕ್ಕದವರು ನೀವು, ಊರಿಗೆ ಹೋದಾಗ ಎರಡು ಚೀಲ ತೊಗಟೆ ತಂದುಬಿಡ್ರಪ್ಪ' ಅಂತ ನಮ್ಮನ್ನೇ ಕೇಳಿದ್ದಾರೆ.

ತರಲ್ಲ. ಯಾಕೆ ಅಂತ ಹೇಳ್ತೀವಿ, ಬದಲಿಗೆ ಏನು ಮಾಡಬಹುದು ಅಂತಲೂ ಹೇಳ್ತೀವಿ.

ಆ ತಾತ ಕೆತ್ತುವುದು ಕಾಟನ್‌ವುಡ್ ಅನ್ನುವ ಮರದ ತೊಗಟೆ. ಉತ್ತರ ಅಮೆರಿಕದ ನದಿ ದಂಡೆಗಳಲ್ಲಿ ಬೆಳೆಯುವ ಈ ಮರ ಹಳೆಯದಾದಂತೆ ಅದರ ತೊಗಟೆ ಹಲವು ಇಂಚು ದಪ್ಪ ಆಗುತ್ತದೆ. ಹಗುರ, ಮೃದು. ಕಟ್ಟಿಗೆಯ ಹಾಗೆ ಎಳೆ ಹಿಡಿದು ಸೀಳುವುದು ಕಡಿಮೆ, ಚಾಕು ಯಾವ ದಿಕ್ಕಿಗೆ ತಿರುಗಿಸಿದರೂ ಮಾತು ಕೇಳುತ್ತದೆ. ಸತ್ತು ಬಿದ್ದ ಮರದಿಂದಲೇ ಅದನ್ನು ಕಿತ್ತುಕೊಳ್ಳುತ್ತಾರೆ. ಹಾಗಾಗಿ ಅವರ ಹವ್ಯಾಸದ ಬಗ್ಗೆ ನಮ್ಮ ತಕರಾರೇನೂ ಇಲ್ಲ.

ನಮ್ಮ ಕಾಡಿನ ಲೆಕ್ಕ ಬೇರೆ. ಬಿಳಿಗಿರಿರಂಗನ ಬೆಟ್ಟದಲ್ಲಿ ಕರಿಮತ್ತಿ ಮರ ನೋಡಿದವರಿಗೆ ಗೊತ್ತು, ಮೊಸಳೆಯ ಚರ್ಮದ ಹಾಗೆ ಚೌಕ ಚೌಕವಾಗಿ ಸೀಳಿದ ತೊಗಟೆ. ರೀಲ್ಸ್ ನೋಡಿದ ಕಣ್ಣಿಗೆ 'ಆಹಾ, ಇದರಲ್ಲೊಂದು ಕೋಟೆ ಕೆತ್ತಬಹುದು' ಅನ್ನಿಸುವುದು ಸಹಜ. ಆದರೆ ಆ ದಪ್ಪ ತೊಗಟೆ ಮರದ ಬೆಂಕಿ ಕವಚ. ಬೇಸಿಗೆಯಲ್ಲಿ ನೆಲದ ತರಗು ಉರಿದರೂ ಒಳಗಿನ ಜೀವಂತ ಪದರ ಬೇಯದ ಹಾಗೆ ಕಾಯುವುದು ಅದೇ. ಎಲೆಯಲ್ಲಿ ತಯಾರಾದ ಆಹಾರ ಬೇರಿಗೆ ಇಳಿಯುವುದೂ ತೊಗಟೆಯ ಒಳಪದರದಲ್ಲೇ. ಸುತ್ತಲೂ ಒಂದು ಉಂಗುರದಷ್ಟು ಸುಲಿದರೆ ಸಾಕು, ಮರ ನಿಂತಲ್ಲೇ ಸಾಯುತ್ತದೆ. ಸರಿ, ಬಿದ್ದ ಮರದ್ದೇ ತರೋಣ ಅಂದರೆ, ಅದು 2011ರಿಂದ ಹುಲಿ ಸಂರಕ್ಷಿತ ಪ್ರದೇಶ. ಹೊರಗಿನವರು ಅಲ್ಲಿಂದ ಒಣ ತೊಗಟೆಯನ್ನೂ ಚೀಲಕ್ಕೆ ತುಂಬಿಕೊಳ್ಳುವ ಹಾಗಿಲ್ಲ. ಅದೇ 2011ರಲ್ಲಿ, ಅರಣ್ಯ ಹಕ್ಕು ಕಾಯ್ದೆಯಡಿ ಅಲ್ಲಿನ ಸೋಲಿಗರ ಸಮುದಾಯ ಹಕ್ಕುಗಳಿಗೆ ಮಾನ್ಯತೆ ಸಿಕ್ಕಿತು. ಜೇನು, ನೆಲ್ಲಿಕಾಯಿ, ಪಾಚಿ ಕೊಯ್ದುಕೊಳ್ಳುವ ತಮ್ಮ ಹಳೆಯ ಹಕ್ಕಿಗಾಗಿ ಅವರು ವರ್ಷಗಟ್ಟಲೆ ಅಲೆದಿದ್ದಾರೆ. ನಾವು ಫೆಸ್ಟಿನ ಹೆಸರಲ್ಲಿ ಚೀಲ ಹಿಡಿದು ಒಳಗೆ ನುಗ್ಗುವುದು ಎಷ್ಟು ಸರಿ?

ಹಾಗಾದರೆ ಆ ಕಾಡಿನಲ್ಲಿ ಎಷ್ಟು ಕಡಿದರೂ ಯಾರೂ ಅಳದ ಗಿಡ ಯಾವುದು? ಲಂಟಾನ. ನಮ್ಮ ಬೇಲಿಗಳಲ್ಲಿ ಕೆಂಪು, ಹಳದಿ ಹೂ ಬಿಟ್ಟು ಚೆಂದ ಕಾಣುವ, ಕೈ ಹಾಕಿದರೆ ಮುಳ್ಳು ಗೀರುವ ಅದೇ ಗಿಡ. ಅಮೆರಿಕ ಖಂಡದ್ದು, ಬ್ರಿಟಿಷರು ಅಲಂಕಾರಕ್ಕೆಂದು ತಂದದ್ದು. ಇವತ್ತು ಬಿಳಿಗಿರಿರಂಗನ ಬೆಟ್ಟ, ಮಲೆ ಮಹದೇಶ್ವರ ಬೆಟ್ಟ ಎರಡರಲ್ಲೂ ಮರದ ಕೆಳಗೆ ಅದರದ್ದೇ ರಾಜ್ಯ. ಹುಲ್ಲು ಏಳಲ್ಲ, ಮರದ ಸಸಿ ಏಳಲ್ಲ. ಸೋಲಿಗರ ಹಿರಿಯರು ಇದಕ್ಕೆ ಕೊಡುವ ಕಾರಣ ಕೇಳಬೇಕು. ಮೊದಲು ಅವರು ವರ್ಷದ ಆರಂಭದಲ್ಲೇ ಸಣ್ಣದಾಗಿ 'ತರಗು ಬೆಂಕಿ' ಇಡುತ್ತಿದ್ದರು. ನೆಲದ ಮೇಲೆ ಸರಿದು ಹೋಗುವ ಬೆಂಕಿ ಅದು. ದಪ್ಪ ತೊಗಟೆಯ ಮರ ಉಳಿಯುತ್ತಿತ್ತು, ಲಂಟಾನದ ಎಳೆ ಸಸಿ ಸುಟ್ಟುಹೋಗುತ್ತಿತ್ತು. 1974ರಲ್ಲಿ ಅಭಯಾರಣ್ಯವಾದ ಮೇಲೆ ಬೆಂಕಿ ನಿಂತಿತು, ಲಂಟಾನ ಎದ್ದಿತು ಅನ್ನುತ್ತಾರೆ. ಸಂಶೋಧಕರು ಈ ಮಾತನ್ನು ಗಂಭೀರವಾಗಿ ತೆಗೆದುಕೊಂಡು ಅಧ್ಯಯನ ಮಾಡಿದ್ದಾರೆ. ಕಾಡಿನ ಎಂಜಿನಿಯರಿಂಗ್ ಅಂದರೆ ಇದೇ ಅಲ್ವಾ, ನಮ್ಮ ಯಾವ ಸಿಲಬಸ್ಸಿನಲ್ಲೂ ಇಲ್ಲ ಅಷ್ಟೆ.

ಹನೂರು ತಾಲ್ಲೂಕಿನ ಮಹದೇಶ್ವರ ಬೆಟ್ಟದ ಕಡೆ ಈ ಲಂಟಾನದಿಂದ ಕುರ್ಚಿ, ಬುಟ್ಟಿ, ಆಟಿಕೆ ಮಾಡುವ ಕೆಲಸ 2000ದ ದಶಕದಲ್ಲೇ ಶುರುವಾಯಿತು, ಏಟ್ರೀ ಸಂಸ್ಥೆಯ ತರಬೇತಿಯಿಂದ. ಬಿದಿರು ಕೈಗೆ ಸಿಗುವುದು ಕಷ್ಟವಾದ ಕಡೆ ಲಂಟಾನ ಅದರ ಜಾಗಕ್ಕೆ ಬಂತು. ಕಡ್ಡಿಗಳನ್ನು ಕತ್ತರಿಸಿ, ದೊಡ್ಡ ಡ್ರಮ್ಮಿನಲ್ಲಿ ನೀರು ತುಂಬಿ ಬೇಯಿಸುತ್ತಾರೆ. ಬೆಂದ ಕಡ್ಡಿಯ ಸಿಪ್ಪೆ ಸಲೀಸಾಗಿ ಸುಲಿದು ಬರುತ್ತದೆ. ಹೌದು, ಇಲ್ಲಿ ತೊಗಟೆಯೇ ಕಸ! ಬಿಸಿ ಇರುವಾಗ ಹೇಗೆ ಬಗ್ಗಿಸಿದರೂ ಬಗ್ಗುತ್ತದೆ, ಆರಿದ ಮೇಲೆ ಆ ಆಕಾರದಲ್ಲೇ ನಿಲ್ಲುತ್ತದೆ. ಇದೇ ಲಂಟಾನದಲ್ಲಿ ನಿಜವಾದ ಅಳತೆಯ ಆನೆಗಳನ್ನೂ ಕಟ್ಟುತ್ತಾರೆ. ತಮಿಳುನಾಡಿನ ಗೂಡಲೂರಿನಲ್ಲಿ ಆದಿವಾಸಿಗಳು ಕಟ್ಟಿದ ಆನೆಗಳು 2021ರಲ್ಲಿ ಲಂಡನ್ನಿನ ಪಾರ್ಕುಗಳಲ್ಲಿ ನಿಂತಿದ್ದವು. ಆನೆಯನ್ನೇ ಕಟ್ಟಬಹುದಾದರೆ ಗೇಣುದ್ದದ ಮನೆ ಯಾವ ಲೆಕ್ಕ?

ಕಡ್ಡಿ ಸಣ್ಣದು, ಹಾಗಾಗಿ ಕೆತ್ತಲಿಕ್ಕೆ ಆಗಲ್ಲ, ಕಟ್ಟಬೇಕು. ಸಿವಿಲ್‌ನವರಿಗೆ ಟ್ರಸ್ ಗೊತ್ತು, ಮೆಕ್ಯಾನಿಕಲ್‌ನವರಿಗೆ ಜಾಯಿಂಟ್ ಗೊತ್ತು. ಸೊಟ್ಟ ಬಾಗಿಲು ಹೇಗಿದ್ದರೂ ತಾನಾಗಿಯೇ ಬರುತ್ತೆ ಬಿಡಿ. ಕೆತ್ತಲೇಬೇಕು ಅನ್ನುವ ಹಟ ಇರುವವರು ಸಾಮಿಲ್ಲಿನಲ್ಲಿ ಬಿಸಾಡಿದ ತುಂಡು ತಂದು ಕೈ ಪಳಗಿಸಿಕೊಳ್ಳಲಿ. ಕೈಚಳಕದ ಹುಚ್ಚು ಎಲ್ಲಿಗೆ ಮುಟ್ಟಬಹುದು ಅಂತ ನೋಡಬೇಕಿದ್ದರೆ ಯಳಂದೂರಿನ ಗೌರೀಶ್ವರ ದೇವಸ್ಥಾನದ ಬಳೆ ಮಂಟಪಕ್ಕೆ ಹೋಗಿಬನ್ನಿ. ಕಲ್ಲಿನಲ್ಲೇ ಕೆತ್ತಿದ ಬಳೆಗಳ ಸರಪಳಿ ನೇತಾಡುತ್ತದೆ.

ಒಂದು ಆಕ್ಷೇಪ ನಮ್ಮೊಳಗೇ ಬಂತು. ಲಂಟಾನದ ಮನೆ ಮಾಡಿದರೆ ಕಾಡು ಉಳಿದುಬಿಡುತ್ತಾ? ಇಲ್ಲ. ಕೆಲಸಕ್ಕೆ ಬರುವುದು ಬಲಿತ, ನೆಟ್ಟಗಿರುವ ಕಡ್ಡಿ ಮಾತ್ರ. ಬುಡ ಬಿಟ್ಟು ಕಡಿದರೆ ಮತ್ತೆ ಚಿಗುರುತ್ತದೆ. ಆದ್ದರಿಂದ ಪೋಸ್ಟರಿನ ಮೇಲೆ 'ಕಾಡು ಉಳಿಸಿ' ಅಂತ ಹಾಕುವುದು ಬೇಡ. ಇದರಿಂದ ಆಗುವುದು ಒಂದಷ್ಟು ಕುಟುಂಬಗಳಿಗೆ ಕೂಲಿ. ಅದನ್ನೇ ನೇರವಾಗಿ ಹೇಳೋಣ.

ಇನ್ನೊಂದು ಮಾತಿನಲ್ಲಿ ನಾವು ಸ್ವಲ್ಪ ಖಾರವಾಗಿಯೇ ಇದ್ದೇವೆ. ಮಾದರಿ ಯಾವುದಿರಲಿ ಅಂದಾಗ 'ಸೋಲಿಗರ ಗುಡಿಸಲು ಮಾಡೋಣ, ಕ್ಯೂಟ್ ಆಗಿರುತ್ತೆ' ಅಂತ ಒಂದು ಸಲಹೆ ಬಂತು. ಅಭಯಾರಣ್ಯವಾದಾಗ ಎಷ್ಟೋ ಸೋಲಿಗ ಕುಟುಂಬಗಳು ಕಾಡಿನ ಒಳಗಿದ್ದ ತಮ್ಮ ಪೋಡುಗಳನ್ನು ಬಿಟ್ಟು ಅಂಚಿಗೆ ಬರಬೇಕಾಯಿತು. ಅವರು ಕಳೆದುಕೊಂಡ ಮನೆಯನ್ನು ನಾವು ಶೋಕೇಸಿನಲ್ಲಿ ಇಡುವುದು, ಅದೂ ಅವರನ್ನೊಂದು ಮಾತು ಕೇಳದೆ, ನಮಗೆ ಒಪ್ಪಿಗೆ ಇಲ್ಲ. ಯಾವ ಮನೆ ಮಾಡಬೇಕು ಅನ್ನುವುದನ್ನು ಕಟ್ಟುವವರೇ ಹೇಳಲಿ. ಅವರು ಮೂರಂತಸ್ತಿನ ಆರ್‌ಸಿಸಿ ಬಿಲ್ಡಿಂಗ್ ಮಾಡಿಕೊಟ್ಟರೆ ಅದನ್ನೇ ಖುಷಿಯಿಂದ ತಗೊಳ್ಳೋಣ.

ದುಡ್ಡಿನ ವಿಷಯ. ಕೊಳ್ಳೇಗಾಲದ ರೇಷ್ಮೆ ಸೀರೆಗೆ ಅಂಗಡಿಯವರು ಹೇಳಿದಷ್ಟು ಕೊಟ್ಟು ಬರುವ ನಮ್ಮ ಮನೆಯವರೇ ಬುಟ್ಟಿ ಹೆಣೆಯುವವರ ಹತ್ತಿರ ಚೌಕಾಸಿ ಮಾಡುತ್ತಾರೆ, ನೋಡಿದ್ದೀವಿ. ಪ್ರತಿ ವರ್ಷ ಅಕ್ರಿಲಿಕ್ ಫಲಕಕ್ಕೆ ಫೆಸ್ಟಿನ ಬಜೆಟ್ಟಿನಲ್ಲಿ ಒಂದು ಮೊತ್ತ ಇಡುತ್ತೇವಲ್ಲ, ಅದು ಪೂರ್ತಿ ಈ ಕೆಲಸಕ್ಕೆ ಹೋಗಲಿ. ಬೆಲೆ ಅವರೇ ಹೇಳಲಿ, ಅರ್ಧ ಮುಂಗಡ ಕೊಡೋಣ. ವರ್ಕ್‌ಶಾಪಿಗೆ ಕಲಿಸಲು ಬರುವವರಿಗೆ ಉಳಿದ ಸಂಪನ್ಮೂಲ ವ್ಯಕ್ತಿಗಳಿಗೆ ಕೊಡುವಷ್ಟೇ ಗೌರವಧನ, ಅದೇ ಗೆಸ್ಟ್‌ಹೌಸ್, ಅದೇ ಊಟ. ಆ ಮೊತ್ತಕ್ಕೆ ಎಷ್ಟು ಮನೆ ಬರುತ್ತೋ ಅಷ್ಟೇ ಅತಿಥಿಗಳಿಗೆ ಕಾಣಿಕೆ. ಉಳಿದವರಿಗೆ ಹೂವು ಸಾಕು.

ಕಡ್ಡಿ ತರಬೇಕು, ಬೇಯಿಸಬೇಕು, ಸುಲಿಯಬೇಕು, ಒಣಗಿಸಬೇಕು. ಇದು ಪ್ರಿಂಟ್ ಅಂಗಡಿಗೆ ಹಿಂದಿನ ರಾತ್ರಿ ಫೈಲ್ ಕಳಿಸಿ ಬೆಳಗ್ಗೆ ತರುವ ಸಾಮಾನಲ್ಲ, ಎರಡು ಮೂರು ತಿಂಗಳು ಮೊದಲೇ ಹೇಳಬೇಕು. ದಸರಾ ರಜೆಗೆ ನಾವು ಹೇಗೂ ಊರಿಗೆ ಹೋಗ್ತೀವಿ. ಕಮಿಟಿ ಅಷ್ಟರೊಳಗೆ ಮುಂಗಡಕ್ಕೆ ಸಹಿ ಹಾಕಿ ಕೊಟ್ಟರೆ, ಬೆಟ್ಟಕ್ಕೆ ಹೋಗಿ ಮಾತಾಡಿಕೊಂಡು ಬರುವ ಕೆಲಸ ನಮ್ಮದು.