ಕಂತಿನ ಹಡಗು ಹತ್ತುವ ಮುನ್ನ

ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ- ಈ ನಾಲ್ಕು ತಾಲೂಕುಗಳಿಂದ ಯಾವ ದಿಕ್ಕಿಗೆ ಹೊರಟರೂ ಕಡಲು ಕಾಣಲು ನೂರಾರು ಕಿಲೋಮೀಟರ್ ಸಾಗಬೇಕು. ಇಲ್ಲಿಯ ಜನರು ನೀರನ್ನು ನೆನೆಯುವುದು ಕೊಳವೆ ಬಾವಿಯ ಆಳದ ಲೆಕ್ಕದಲ್ಲಿ, ಕೆರೆ ಕೋಡಿ ಬಿದ್ದ ವರ್ಷದ ನೆನಪಿನಲ್ಲಿ. ಪಾವಗಡದಲ್ಲಾದರೆ ಫ್ಲೋರೈಡ್‌ನಿಂದ ಕಂದಿದ ಮಕ್ಕಳ ಹಲ್ಲುಗಳಲ್ಲಿ. ಪ್ರಾದೇಶಿಕ ಅಸಮತೋಲನವನ್ನು ಅಧ್ಯಯನ ಮಾಡಿದ ಡಾ. ಡಿ.ಎಂ. ನಂಜುಂಡಪ್ಪ ಸಮಿತಿಯು 2002ರಲ್ಲಿ ನೀಡಿದ ವರದಿಯಲ್ಲಿ ಹಿಂದುಳಿದ ತಾಲೂಕುಗಳ ಪಟ್ಟಿಯೊಳಗೆ ಈ ನಾಲ್ಕೂ ಇದ್ದವು. ಆದರೆ ಇಂದು ಇದೇ ನೆಲದ ಯುವಕನ ಮೊಬೈಲ್ ಪರದೆಯ ಮೇಲೆ ಬೆಳ್ಳನೆಯ ವಿಹಾರ ನೌಕೆಯೊಂದು ತೇಲುತ್ತಿದೆ. ಮುಂಬೈಯಿಂದ ಗೋವಾಕ್ಕೆ, ಲಕ್ಷದ್ವೀಪಕ್ಕೆ, ಚೆನ್ನೈಯಿಂದ ಶ್ರೀಲಂಕಾಕ್ಕೆ, ಸಿಂಗಾಪುರದಿಂದ ಮಲೇಷ್ಯಾಕ್ಕೆ. ಚಿತ್ರದ ಕೆಳಗೆ ಒಂದು ಸಾಲು: ಈಗ ಪ್ರಯಾಣಿಸಿ, ಹಣವನ್ನು ಆಮೇಲೆ ಕಂತಿನಲ್ಲಿ ಕಟ್ಟಿ. ನಮ್ಮ ತಕರಾರು ಇರುವುದು ಹಡಗಿನ ಚಿತ್ರದ ಬಗ್ಗೆ ಅಲ್ಲ, ಅದರ ಕೆಳಗಿನ ಈ ಸಾಲಿನ ಬಗ್ಗೆ.

ಹಡಗಿನ ವಿಹಾರದ ಮಾತೆತ್ತಿದರೆ ನಮ್ಮಲ್ಲಿ ಸಾಮಾನ್ಯವಾಗಿ ಎರಡು ಧ್ವನಿಗಳು ಕೇಳಿಬರುತ್ತವೆ. ಒಂದು, ಹಡಗೆಂದರೆ ಮದ್ಯ, ಜೂಜು, ಕುಣಿತ. ಆದ್ದರಿಂದ ಅದರ ಹೆಸರೆತ್ತುವುದೇ ತಪ್ಪು ಎನ್ನುವ ಧ್ವನಿ. ಇನ್ನೊಂದು, ದುಡಿದ ಹಣ ನಮ್ಮದು, ಕೇಳಲು ನೀವು ಯಾರು ಎನ್ನುವ ಧ್ವನಿ. ಮೊದಲನೆಯವರಿಗೆ 2021ರ ಅಕ್ಟೋಬರ್ ತಿಂಗಳು ದೊಡ್ಡ ಅಸ್ತ್ರವನ್ನೇ ಒದಗಿಸಿತು. ಆ ತಿಂಗಳ 2ರಂದು ಮುಂಬೈಯಿಂದ ಗೋವಾಕ್ಕೆ ಹೊರಡಬೇಕಿದ್ದ ಕಾರ್ಡೆಲಿಯಾ ನೌಕೆಯ ಮೇಲೆ ಮಾದಕವಸ್ತು ನಿಯಂತ್ರಣ ದಳವು ದಾಳಿ ನಡೆಸಿತು. ನಟ ಶಾರುಖ್ ಖಾನ್‌ರ ಪುತ್ರ ಆರ್ಯನ್ ಖಾನ್‌ರ ಬಂಧನವಾಯಿತು. ವಾರಗಟ್ಟಲೆ ಟಿ.ವಿ. ಚಾನೆಲ್‌ಗಳು ಒಂದು ಹಡಗನ್ನೂ ಒಂದು ಹೆಸರನ್ನೂ ಹಿಡಿದು ನ್ಯಾಯಾಲಯಕ್ಕಿಂತ ಮೊದಲೇ ತೀರ್ಪು ನೀಡಿದವು. 2022ರ ಮೇ 27ರಂದು ಸಲ್ಲಿಸಲಾದ ಆರೋಪಪಟ್ಟಿಯಲ್ಲಿ ಅದೇ ದಳವು, ಸಾಕಷ್ಟು ಸಾಕ್ಷ್ಯವಿಲ್ಲವೆಂದು ಅವರ ಹೆಸರನ್ನು ಕೈಬಿಟ್ಟಿತು. ಅಷ್ಟು ದೊಡ್ಡ ಧ್ವನಿಯಲ್ಲಿ ಅದನ್ನು ಹೇಳಿದವರು ಎಷ್ಟು ಮಂದಿ? ಚಾನೆಲ್‌ಗಳ ಅಬ್ಬರವನ್ನು ನಂಬಿ ಒಂದು ಪ್ರಯಾಣದ ಬಗ್ಗೆ ತೀರ್ಮಾನಕ್ಕೆ ಬರುವುದು ವಿವೇಕವಲ್ಲ.

ವಾಸ್ತವದಲ್ಲಿ, ಕಡಲನ್ನು ನೋಡುವ ಆಸೆ ಸಹಜವಾದುದು. ಬರಗಾಲದ ನಾಡಿನ ಮನುಷ್ಯನಿಗೆ ಆ ಆಸೆ ಇನ್ನೂ ಹೆಚ್ಚಿದ್ದರೆ ಅದರಲ್ಲಿ ಆಶ್ಚರ್ಯವೇನೂ ಇಲ್ಲ. ವರ್ಷವಿಡೀ ಅಂಗಡಿಯಲ್ಲಿ ನಿಂತು ದುಡಿದವನು ಹೆಂಡತಿ ಮಕ್ಕಳೊಂದಿಗೆ ಮೂರು ದಿನ ಹಡಗಿನಲ್ಲಿ ಕಳೆದರೆ ಆಕಾಶವೇನೂ ಕಳಚಿ ಬೀಳದು. ನಾವು ಕೇಳಬಯಸುವ ಪ್ರಶ್ನೆ ಒಂದೇ: ಆ ಹಣ ಎಲ್ಲಿಂದ ಬಂತು?

ಈ ಪ್ರಶ್ನೆಯನ್ನು ಕೇಳಲೇಬೇಕಾದ ಕಾರಣವು ಹಡಗಿನ ದರಪಟ್ಟಿಯಲ್ಲಿಯೇ ಇದೆ. ಜಾಹೀರಾತಿನಲ್ಲಿ ದಪ್ಪ ಅಕ್ಷರದಲ್ಲಿ ಕಾಣುವುದು ಪೂರ್ತಿ ದರವಲ್ಲ. ಅದು ಸಾಮಾನ್ಯವಾಗಿ ಒಂದೇ ಕೋಣೆಯಲ್ಲಿ ಇಬ್ಬರು ತಂಗಿದಾಗ ತಲೆಯೊಂದಕ್ಕೆ ಬೀಳುವ ಮೊತ್ತ. ಅದೂ ಕಿಟಕಿಯೇ ಇಲ್ಲದ ಒಳಗೋಣೆಗೆ. ಕಡಲು ಕಾಣುವ ಕಿಟಕಿ ಬೇಕೆಂದರೆ ಒಂದು ದರ, ಬಾಲ್ಕನಿ ಬೇಕೆಂದರೆ ಇನ್ನೊಂದು ದರ. ಅದರ ಮೇಲೆ ಬಂದರು ಶುಲ್ಕ, ಜಿ.ಎಸ್.ಟಿ., ಸಿಬ್ಬಂದಿಯ ಹೆಸರಿನಲ್ಲಿ ದಿನಕ್ಕಿಷ್ಟರಂತೆ ಸೇರಿಸುವ ಸೇವಾ ಶುಲ್ಕ. ಹಡಗಿನೊಳಗೆ ಊಟ ಉಚಿತವೆನ್ನುತ್ತಾರೆ. ಆದರೆ ವಿಶೇಷ ಭೋಜನಾಲಯ, ಪಾನೀಯ, ಇಂಟರ್ನೆಟ್, ಬಂದರಿಗೆ ಇಳಿದಾಗ ಊರು ತೋರಿಸುವ ಬಸ್ಸು- ಇವೆಲ್ಲಕ್ಕೂ ಪ್ರತ್ಯೇಕ ಬಿಲ್ಲು. ಅಲ್ಲಿ ಕೈಯಿಂದ ನೋಟು ಎಣಿಸಿಕೊಡುವ ಪದ್ಧತಿಯೂ ಬಹುತೇಕ ಇಲ್ಲ. ಕೋಣೆಯ ಕಾರ್ಡನ್ನು ತೋರಿಸಿದರೆ ಸಾಕು, ಲೆಕ್ಕ ಬೆಳೆಯುತ್ತಾ ಹೋಗುತ್ತದೆ. ಖರ್ಚು ಕಣ್ಣಿಗೆ ಕಾಣದಂತೆ ಮಾಡುವುದೇ ಈ ವ್ಯಾಪಾರದ ಜಾಣತನ. ಇಳಿಯುವ ದಿನ ಬೆಳಗ್ಗೆ ಕೈಗೆ ಬರುವ ಪಟ್ಟಿಯನ್ನು ನೋಡಿದಾಗ ಮಾತ್ರ ಕಡಲಿನ ಆಳ ತಿಳಿಯುತ್ತದೆ.

ಇನ್ನು ಕಂತಿನ ಲೆಕ್ಕವನ್ನು ನೋಡೋಣ. ಒಂದು ಕುಟುಂಬವು ಪ್ರಯಾಣದ ಒಟ್ಟು ಖರ್ಚಿಗೆಂದು ಶೇ. 18ರ ವಾರ್ಷಿಕ ಬಡ್ಡಿಗೆ ಒಂದು ಲಕ್ಷ ರೂಪಾಯಿ ಸಾಲ ಪಡೆದು ಎರಡು ವರ್ಷಗಳಲ್ಲಿ ತೀರಿಸುತ್ತದೆ ಎಂದಿಟ್ಟುಕೊಳ್ಳಿ. ತಿಂಗಳಿಗೆ ಸುಮಾರು 5 ಸಾವಿರ ರೂಪಾಯಿಯಂತೆ 24 ಕಂತು. ಒಟ್ಟು ತೆತ್ತದ್ದು ಸುಮಾರು 1 ಲಕ್ಷ 20 ಸಾವಿರ. ಅಂದರೆ ವರ್ಷಕ್ಕೆ 60 ಸಾವಿರ. ಪಾವಗಡದ ತಿರುಮಣಿ ಸುತ್ತಮುತ್ತ 13 ಸಾವಿರ ಎಕರೆಯಷ್ಟು ಭೂಮಿಯಲ್ಲಿ ಸೌರ ವಿದ್ಯುತ್ ಪಾರ್ಕ್ ನಿರ್ಮಿಸಿದಾಗ ರೈತರಿಗೆ ಆರಂಭದಲ್ಲಿ ಗೊತ್ತುಪಡಿಸಿದ ಗುತ್ತಿಗೆ ಹಣ ಎಕರೆಗೆ ವರ್ಷಕ್ಕೆ 21 ಸಾವಿರ ರೂಪಾಯಿ. ಆ ಲೆಕ್ಕದಲ್ಲಿ ಮೂರು ದಿನಗಳ ಮೋಜಿಗಾಗಿ ಹೆಚ್ಚುಕಡಿಮೆ ಮೂರು ಎಕರೆಯ ಆದಾಯವನ್ನು ಎರಡು ವರ್ಷಗಳ ಕಾಲ ಬರೆದುಕೊಟ್ಟಂತಾಯಿತು. ಮೂರು ಎಕರೆ ಇಲ್ಲದವನ ಪಾಡೇನು? ಶೇಂಗಾ ಕೈಕೊಟ್ಟ ವರ್ಷ ಆ ಕಂತನ್ನು ಕಟ್ಟುವವರು ಯಾರು?

ಕಿರುಸಾಲದ ಕಂಪನಿಗಳು ಮನೆಯ ಹೊಸ್ತಿಲಲ್ಲಿ ಕುಳಿತು ಮಹಿಳೆಯರನ್ನು ಅವಮಾನಿಸಿದ, ಅದನ್ನು ತಾಳಲಾರದೆ ಜನರು ಊರು ಬಿಟ್ಟ, ಜೀವವನ್ನೇ ಕಳಕೊಂಡ ಸುದ್ದಿಗಳನ್ನು ಕರ್ನಾಟಕವು ಇತ್ತೀಚಿನ ವರ್ಷಗಳಲ್ಲಿ ಸಾಕಷ್ಟು ಓದಿದೆ. ಬಲವಂತದ ವಸೂಲಿಯನ್ನು ತಡೆಯಲು 2025ರ ಫೆಬ್ರವರಿಯಲ್ಲಿ ರಾಜ್ಯ ಸರಕಾರವು ಸುಗ್ರೀವಾಜ್ಞೆಯನ್ನೇ ಹೊರಡಿಸಬೇಕಾಯಿತು. ಗೊಬ್ಬರಕ್ಕಾಗಿ, ಆಸ್ಪತ್ರೆಗಾಗಿ, ಮಗಳ ಮದುವೆಗಾಗಿ ಸಾಲ ಮಾಡಿದವರ ಕಥೆಯೇ ಹೀಗಿರುವಾಗ, ಕೇವಲ ಫೋಟೋ ತೆಗೆಸಿಕೊಳ್ಳಲು ಸಾಲ ಮಾಡುವುದನ್ನು ಏನೆಂದು ಕರೆಯಬೇಕು? ಮದುವೆಯ ಆಡಂಬರದ ವಿರುದ್ಧ ದಶಕಗಳಿಂದ ಮಾತನಾಡುತ್ತಾ ಬಂದ ಸಮುದಾಯದಲ್ಲಿ ಈಗ ಮದುವೆಯ ನಂತರದ ಪ್ರವಾಸವೂ ಆಡಂಬರದ ಪಟ್ಟಿಗೆ ಸೇರುತ್ತಿದೆ. ನೆರೆಮನೆಯವರು ಹೋದರು, ಆದ್ದರಿಂದ ನಾವೂ ಹೋಗಬೇಕು ಎಂಬ ಪೈಪೋಟಿಗೆ ಬಡ್ಡಿಯೇ ಇಂಧನವಾಗಿದೆ.

ನಮ್ಮ ಹಿರಿಯರಿಗೆ ಹಡಗಿನ ಪ್ರಯಾಣ ಹೊಸದೇನಲ್ಲ ಎಂಬುದನ್ನು ಇಲ್ಲಿ ನೆನಪಿಸಬೇಕು. 1995ರ ತನಕ ಮುಂಬೈಯಿಂದ ಜಿದ್ದಾಕ್ಕೆ ಹಜ್ ಯಾತ್ರಿಕರನ್ನು ಹಡಗು ಕೊಂಡೊಯ್ಯುತ್ತಿತ್ತು. ಮೊಘಲ್ ಲೈನ್‌ನ ಹಡಗುಗಳು, ಕೊನೆಯ ವರ್ಷಗಳ ಎಂ.ವಿ. ಅಕ್ಬರಿ- ಈ ಹೆಸರುಗಳು ಹಳೆಯ ತಲೆಮಾರಿನ ನಾಲಗೆಯಲ್ಲಿ ಇನ್ನೂ ಇವೆ. ಆ ಪ್ರಯಾಣಕ್ಕೆ 12ರಿಂದ 15 ದಿನ ಹಿಡಿಯುತ್ತಿತ್ತು. ಬಾಲ್ಕನಿಯೂ ಇರಲಿಲ್ಲ, ಈಜುಕೊಳವೂ ಇರಲಿಲ್ಲ. ಆದರೆ ಹಡಗು ಹತ್ತುವ ಮುನ್ನ ಅವರು ಮಾಡುತ್ತಿದ್ದ ಒಂದು ಕೆಲಸವನ್ನು ನಾವು ಮರೆತಿದ್ದೇವೆ: ಊರಿನಲ್ಲಿ ಯಾರ್ಯಾರಿಗೆ ಎಷ್ಟೆಷ್ಟು ಕೊಡಬೇಕೋ ಅದನ್ನೆಲ್ಲ ತೀರಿಸುತ್ತಿದ್ದರು, ಮನೆಮನೆಗೆ ಹೋಗಿ ಲೆಕ್ಕ ಚುಕ್ತಾ ಮಾಡಿ ಕ್ಷಮೆ ಕೇಳುತ್ತಿದ್ದರು. ಸಾಲ ತೀರಿಸಿ ಹಡಗು ಹತ್ತಿದವರ ಮೊಮ್ಮಕ್ಕಳು ಇಂದು ಸಾಲ ಮಾಡಿ ಹಡಗು ಹತ್ತಲು ಸಾಲುಗಟ್ಟಿದರೆ ಅದನ್ನು ಪ್ರಗತಿಯೆನ್ನಲು ನಾವು ಸಿದ್ಧರಿಲ್ಲ.

ಸರಕಾರದ ಒಲವನ್ನೂ ಗಮನಿಸಿ. 2023ರ ಜನವರಿ 13ರಂದು ಪ್ರಧಾನಿಯವರು ವಾರಾಣಸಿಯಲ್ಲಿ ಗಂಗಾ ವಿಲಾಸ್ ಎಂಬ ನದಿ ನೌಕೆಗೆ ಹಸಿರು ನಿಶಾನೆ ತೋರಿದರು. ದಿಬ್ರುಗಢದವರೆಗೆ 51 ದಿನ, ಸುಮಾರು 3,200 ಕಿಲೋಮೀಟರ್. ಹೆಚ್ಚೆಂದರೆ 36 ಪ್ರವಾಸಿಗರು. 2024ರ ಸೆಪ್ಟೆಂಬರ್ 30ರಂದು ಕ್ರೂಸ್ ಭಾರತ್ ಮಿಷನ್ ಉದ್ಘಾಟನೆಯಾಯಿತು. 2029ರ ಹೊತ್ತಿಗೆ ದೇಶದ ಕ್ರೂಸ್ ಪ್ರಯಾಣಿಕರ ಸಂಖ್ಯೆಯನ್ನು ಇಮ್ಮಡಿಗೊಳಿಸುವುದು ಅದರ ಗುರಿ. ಒಳ್ಳೆಯದೇ. ಆದರೆ 2018ರ ಜನವರಿಯಲ್ಲಿ ಹಜ್ ಸಬ್ಸಿಡಿಯನ್ನು ನಿಲ್ಲಿಸಿದ ಅದೇ ತಿಂಗಳು, ಹಜ್ ಯಾತ್ರಿಕರಿಗೆ ಮತ್ತೆ ಹಡಗಿನ ಮಾರ್ಗವನ್ನು ತೆರೆಯಲು ಸೌದಿ ಅರೇಬಿಯಾ ಒಪ್ಪಿದೆಯೆಂದು ಆಗಿನ ಅಲ್ಪಸಂಖ್ಯಾತ ವ್ಯವಹಾರಗಳ ಸಚಿವ ಮುಖ್ತಾರ್ ಅಬ್ಬಾಸ್ ನಖ್ವಿ ಘೋಷಿಸಿದ್ದರು. ಆಧುನಿಕ ಹಡಗುಗಳು 2,300 ನಾಟಿಕಲ್ ಮೈಲಿಯ ಆ ದಾರಿಯನ್ನು ಮೂರು ನಾಲ್ಕು ದಿನಗಳಲ್ಲಿ ಕ್ರಮಿಸಬಲ್ಲವು, ಬಡವರಿಗೆ ಖರ್ಚು ಕಡಿಮೆಯಾಗುತ್ತದೆ ಎಂದೂ ಹೇಳಲಾಗಿತ್ತು. ಮೋಜಿನ ಹಡಗಿಗೆ ಟರ್ಮಿನಲ್ ಎದ್ದು ನಿಂತಿತು. ಶಿರಾದ, ಮಧುಗಿರಿಯ ಬಡ ಯಾತ್ರಿಕನಾದರೋ ವಿಮಾನದ ದರ ಏರಿದಂತೆಲ್ಲ ಉಳಿತಾಯದ ಗಂಟನ್ನು ಮತ್ತೆ ಮತ್ತೆ ಬಿಚ್ಚಿ ಎಣಿಸುತ್ತಿದ್ದಾನೆ. ಖರ್ಚು ಮಾಡಬಲ್ಲವನಿಗೆ ಕಡಲು, ಕೂಡಿಡುವವನಿಗೆ ಘೋಷಣೆ- ಇದೇ ತಾನೇ ಇಲ್ಲಿನ ವಿಪರ್ಯಾಸ?

ಹಡಗಿಗೆ ಇನ್ನೊಂದು ಬಾಗಿಲೂ ಇದೆ. ಅದು ಕೆಳ ಅಂತಸ್ತಿನದು. ನಮ್ಮ ತಾಲೂಕುಗಳ ಕೆಲವು ಹುಡುಗರು ಆ ಹಡಗನ್ನು ಎಂದಾದರೂ ಹತ್ತಿದರೆ ಪ್ರವಾಸಿಗರಾಗಿ ಅಲ್ಲ, ಪಾತ್ರೆ ತೊಳೆಯುವ, ಹಾಸಿಗೆ ಹಾಸುವ ಕೆಲಸಗಾರರಾಗಿ ಹತ್ತುತ್ತಾರೆ. ದೊಡ್ಡ ಕಂಪನಿಗಳ ಹಡಗುಗಳ ಮೇಲೆ ಹೆಚ್ಚಾಗಿ ಹಾರುವುದು ಬಹಾಮಾಸ್, ಪನಾಮಾ, ಬರ್ಮುಡಾಗಳ ಧ್ವಜ. ತೆರಿಗೆಯೂ ಕಾರ್ಮಿಕ ಕಾನೂನೂ ಹಗುರವಾಗಲಿ ಎಂಬ ಲೆಕ್ಕಾಚಾರವೇ ಅದಕ್ಕೆ ಮುಖ್ಯ ಕಾರಣ. ಅಂತಾರಾಷ್ಟ್ರೀಯ ಕಡಲ ಕಾರ್ಮಿಕ ಒಪ್ಪಂದದ ಪ್ರಕಾರ ನೌಕರನಿಗೆ 24 ಗಂಟೆಗಳಲ್ಲಿ ಕನಿಷ್ಠ 10 ಗಂಟೆ ವಿಶ್ರಾಂತಿ ಸಿಗಬೇಕು. ಅಂದರೆ ಉಳಿದ ಹೊತ್ತಿನಲ್ಲಿ ದಿನಕ್ಕೆ ಹತ್ತು ಹನ್ನೆರಡು ಗಂಟೆ, ವಾರದ ಏಳೂ ದಿನ, ತಿಂಗಳುಗಟ್ಟಲೆ ದುಡಿಮೆ. 2020ರ ಫೆಬ್ರವರಿಯಲ್ಲಿ ಜಪಾನಿನ ಯೊಕೊಹಾಮಾದಲ್ಲಿ ಡೈಮಂಡ್ ಪ್ರಿನ್ಸೆಸ್ ಹಡಗನ್ನು ಕೊರೋನಾ ಕಾರಣದಿಂದ ತಡೆಹಿಡಿದಾಗ ಅದರಲ್ಲಿ 138 ಭಾರತೀಯರಿದ್ದರು. ಅವರಲ್ಲಿ 132 ಮಂದಿ ಸಿಬ್ಬಂದಿ. ಪ್ರಯಾಣಿಕರು ಕೋಣೆಯೊಳಗೆ ಬಾಗಿಲು ಹಾಕಿಕೊಂಡಿದ್ದಾಗ ಅವರ ಬಾಗಿಲಿಗೆ ಊಟ ತಲುಪಿಸುತ್ತಿದ್ದವರು ಈ ಸಿಬ್ಬಂದಿಯೇ. ಆದ್ದರಿಂದ ಹಡಗು ಹತ್ತಿದವರು ಕೆಳಗೆ ದುಡಿಯುವವನೂ ಯಾವುದೋ ಊರಿನ ಮಗನೆಂದು ತಿಳಿದು ನಡೆದುಕೊಳ್ಳಲಿ. ಕೆಲಸಕ್ಕೆ ಹೊರಡುವ ಯುವಕರು, ಏಜೆಂಟನಿಗೆ ಕೇಂದ್ರ ನೌಕಾಯಾನ ಮಹಾನಿರ್ದೇಶನಾಲಯದ ನೇಮಕಾತಿ ಪರವಾನಗಿ ಇದೆಯೇ ಎಂದು ಮೊದಲು ಪರಿಶೀಲಿಸಲಿ. ಕೆಲಸ ಕೊಡಿಸಲು ಲಕ್ಷ ಕೇಳುವವನನ್ನು ಬಾಗಿಲಿನಿಂದಲೇ ಹಿಂದಕ್ಕೆ ಕಳುಹಿಸಲಿ. ಹಾಗೆ ಹಣ ಪಡೆಯುವುದೇ ಕಾನೂನುಬಾಹಿರ.

ಇಷ್ಟಾದ ಮೇಲೂ, ಸ್ವಂತ ಉಳಿತಾಯದಲ್ಲಿ ಹೋಗಬಲ್ಲವರು ಖಂಡಿತ ಹೋಗಲಿ. ಅಂಥವರಿಗೆ ಕೆಲವು ಮಾತುಗಳು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಅರಬೀ ಸಮುದ್ರ ಪ್ರಕ್ಷುಬ್ಧವಾಗಿರುತ್ತದೆ. ನವೆಂಬರ್‌ನಿಂದ ಫೆಬ್ರವರಿಯವರೆಗಿನ ಅವಧಿ ಉತ್ತಮ. ಮೊದಲ ಸಲ ಹೋಗುವವರು ಎರಡು ರಾತ್ರಿಗಳ ಪ್ರಯಾಣವನ್ನೇ ಆರಿಸಿಕೊಳ್ಳಲಿ. ತಲೆಸುತ್ತು, ವಾಂತಿಯ ಭಯವಿರುವವರು ಹಡಗಿನ ಮಧ್ಯಭಾಗದ, ಕೆಳ ಅಂತಸ್ತಿನ ಕೋಣೆ ಕೇಳಲಿ. ಅಲ್ಲಿ ತೂಗಾಟ ಕಡಿಮೆ. ಪಾವಗಡ, ಮಧುಗಿರಿಯವರು ಹಿಂದೂಪುರದಲ್ಲಿ ಮುಂಬೈ ರೈಲು ಹತ್ತುವುದಾದರೆ ಒಂದು ದಿನ ಮೊದಲೇ ತಲುಪುವಂತೆ ಹೊರಡಲಿ; ರೈಲು ತಡವಾಯಿತೆಂದು ಹಡಗು ಕಾಯುವುದಿಲ್ಲ, ಹಣವೂ ಮರಳುವುದಿಲ್ಲ. ದೇಶದೊಳಗಿನ ಪ್ರಯಾಣಕ್ಕೆ ಸರಕಾರಿ ಗುರುತಿನ ಚೀಟಿ ಸಾಕು. ಸಿಂಗಾಪುರದಿಂದ ಹೊರಟು ಅಲ್ಲಿಗೇ ಮರಳುವುದಾದರೆ ಒಂದಕ್ಕಿಂತ ಹೆಚ್ಚು ಬಾರಿ ಪ್ರವೇಶಿಸಬಹುದಾದ ವೀಸಾ ಬೇಕು. ಗರ್ಭಿಣಿಯರು ಮತ್ತು ಎಳೆಯ ಶಿಶುಗಳ ವಿಷಯದಲ್ಲಿ ಕಂಪನಿಯ ನಿರ್ಬಂಧಗಳನ್ನು ಮೊದಲೇ ಕೇಳಿ ತಿಳಿಯಿರಿ. ಮಾಂಸಾಹಾರ ಹಲಾಲ್ ಹೌದೇ ಎಂದು ಬಾಯಿಮಾತಿನಲ್ಲಿ ಕೇಳಿ ಸುಮ್ಮನಾಗದೆ ಬರಹದಲ್ಲಿ ಪಡೆಯಿರಿ. ಖಚಿತವಿಲ್ಲದಿದ್ದರೆ ಸಸ್ಯಾಹಾರವೇ ಲೇಸು.

ಕರಾರು ಪತ್ರವನ್ನು ಪೂರ್ತಿ ಓದಿ. ಮಾರ್ಗವನ್ನು ಬದಲಿಸುವ ಹಕ್ಕನ್ನು ಕಂಪನಿಗಳು ಸಾಮಾನ್ಯವಾಗಿ ತಮ್ಮಲ್ಲೇ ಇಟ್ಟುಕೊಳ್ಳುತ್ತವೆ. 2022ರ ಜೂನ್‌ನಲ್ಲಿ ಹಡಗಿನ ಜೂಜಾಟದ ವಿರುದ್ಧ ಪ್ರತಿರೋಧ ಎದ್ದಾಗ ಪುದುಚೇರಿಯಲ್ಲಿ ಕಾರ್ಡೆಲಿಯಾ ನೌಕೆಗೆ ಅನುಮತಿಯೇ ಸಿಗಲಿಲ್ಲ. ಆ ಊರು ನೋಡಲೆಂದು ಹೊರಟವರು ನೀರನ್ನಷ್ಟೇ ನೋಡಬೇಕಾಯಿತು. ಮೊದಲ ದಿನದ ಸುರಕ್ಷಾ ಕವಾಯತನ್ನು ಬೇಸರವೆಂದು ತಪ್ಪಿಸಿಕೊಳ್ಳಬೇಡಿ. 2012ರ ಜನವರಿ 13ರಂದು ಇಟಲಿಯಲ್ಲಿ ಕೋಸ್ಟಾ ಕಾಂಕಾರ್ಡಿಯಾ ಬಂಡೆಗೆ ಬಡಿದು 32 ಮಂದಿ ಸತ್ತಾಗ, ಅದೇ ಸಂಜೆ ಹಡಗು ಹತ್ತಿದ್ದ ನೂರಾರು ಪ್ರಯಾಣಿಕರಿಗೆ ಆ ಕವಾಯತು ಇನ್ನೂ ನಡೆದಿರಲಿಲ್ಲ.

ಕಡಲು ಎಲ್ಲಿಗೂ ಓಡಿಹೋಗುವುದಿಲ್ಲ. ತಿಂಗಳಿಗೆ ಅದೇ 5 ಸಾವಿರವನ್ನು ಕಂತಾಗಿ ತೆರುವ ಬದಲು ಉಳಿತಾಯವಾಗಿ ಕೂಡಿಟ್ಟರೆ ಇಪ್ಪತ್ತು ತಿಂಗಳಲ್ಲಿ ಅದೇ ಒಂದು ಲಕ್ಷ ನಿಮ್ಮ ಕೈಯಲ್ಲಿರುತ್ತದೆ. ಆಗ ಮಳೆ ಬಾರದಿದ್ದರೆ, ಮಗುವಿಗೆ ಜ್ವರ ಬಂದರೆ, ಕಾಲೇಜಿನ ಶುಲ್ಕ ಏರಿದರೆ ಆ ಹಣ ಮನೆಯನ್ನು ಕಾಯುತ್ತದೆ. ಏನೂ ಆಗದಿದ್ದರೆ ಹಡಗು ಇದ್ದೇ ಇದೆ. ಅಷ್ಟರವರೆಗೆ ಮಕ್ಕಳಿಗೆ ಮಧುಗಿರಿಯ ಏಕಶಿಲೆಯ ಕೋಟೆಯನ್ನು ತೋರಿಸಿ, ಶಿರಾದಲ್ಲಿ ಮಲಿಕ್ ರಿಹಾನ್‌ರ ಗೋರಿಯನ್ನು ತೋರಿಸಿ, ಕಗ್ಗಲಡುವಿನ ಹುಣಸೆ ಮರಗಳಲ್ಲಿ ಗೂಡು ಕಟ್ಟುವ ಬಣ್ಣದ ಕೊಕ್ಕರೆಗಳನ್ನು ತೋರಿಸಿ, ಕೊರಟಗೆರೆಯ ಸಿದ್ಧರಬೆಟ್ಟ ಹತ್ತಿಸಿ. ಬುತ್ತಿ ಕಟ್ಟಿಕೊಂಡು ಹೋಗಿ ಸಂಜೆಗೆ ಮರಳಬಹುದಾದ ಈ ಜಾಗಗಳನ್ನೇ ಎಷ್ಟು ಕುಟುಂಬಗಳು ನೋಡಿವೆ?

ಮಸೀದಿ ಕಮಿಟಿಗಳು, ಯುವ ಸಂಘಟನೆಗಳು, ಮಹಿಳಾ ಸಂಘಗಳು ಮದುವೆಯ ಖರ್ಚಿನ ಬಗ್ಗೆ ಮಾತನಾಡುವ ವೇದಿಕೆಗಳಲ್ಲಿಯೇ ಕಂತಿನ ಪ್ರವಾಸದ ಬಗ್ಗೆಯೂ ಮಾತನಾಡಬೇಕಾಗಿದೆ. ನಿಷೇಧಿಸುವ ಧಾಟಿಯಲ್ಲಿ ಅಲ್ಲ, ಲೆಕ್ಕ ಬಿಡಿಸಿ ತೋರಿಸುವ ಧಾಟಿಯಲ್ಲಿ. ಮೂರು ದಿನಗಳ ಬಳಿಕ ಎಲ್ಲರೂ ಹಡಗಿನಿಂದ ಇಳಿಯುತ್ತಾರೆ. ಸಾಲದಿಂದ ಇಳಿಯಲು ಎಷ್ಟು ದಿನ ಬೇಕೆಂದು ಹತ್ತುವ ಮೊದಲೇ ಮನೆಯವರೆಲ್ಲ ಕುಳಿತು ಎಣಿಸಲಿ.